ಅಪ್ಪನ ಕಾರಿನ ಆಯಿಲ್ ಲೀಕು: ಗೇರ್‌ಬಾಕ್ಸ್ ಇಳಿಸ್ಬೇಕಿತ್ತಾ?

ಜೂನ್ ಮೊದಲ ವಾರ ಊರಿಗೆ ಹೋಗಿದ್ದೆ, ತೀರ್ಥಹಳ್ಳಿ ಹತ್ರ ನಮ್ಮೂರು. ಬೆಳಿಗ್ಗೆ ಕಾಫಿ ಕುಡೀತಾ ಕೂತಿದ್ದಾಗ ಅಮ್ಮ ಹೊರಗಿಂದ ಕೂಗಿದ್ಲು, "ಬಾರೋ ಇಲ್ಲಿ, ಎಷ್ಟು ತಿಕ್ಕಿದ್ರೂ ಈ ಕಲೆ ಹೋಗ್ತಿಲ್ಲ, ನಿಮ್ಮಪ್ಪನ ಕಾರು ದಿನಾ ಎಣ್ಣೆ ಸುರಿಸ್ತಿದೆ". ಹೋಗಿ ನೋಡಿದ್ರೆ ಕಾರು ನಿಲ್ಲಿಸೋ ಕೆಂಪು ಸಿಮೆಂಟ್ ನೆಲದ ಮೇಲೆ ಅಕ್ಕಿರೊಟ್ಟಿಯಷ್ಟು ಅಗಲ ಕಪ್ಪು ಕಲೆ. ಬೆರಳಲ್ಲಿ ಮುಟ್ಟಿ ನೋಡ್ದೆ, ಜಾರತ್ತೆ, ಕಂದುಗಪ್ಪು ಬಣ್ಣ, ಎಂಜಿನ್ ಆಯಿಲ್ಲೇ. (ಬರೀ ನೀರಾಗಿದ್ರೆ ಎ.ಸಿ.ಯ ನೀರು, ಹಸಿರೋ ಗುಲಾಬಿನೋ ಇದ್ರೆ ಎಂಜಿನ್ ತಣ್ಣಗಿಡೋ ಕೂಲಂಟ್, ಹಾಗಾಗಿ ಮೊದ್ಲು ಬಣ್ಣ ನೋಡೋದು ಒಳ್ಳೇದು.)

ವಿಷಯ ಅಪ್ಪಂಗೆ ಮೊದ್ಲೇ ಗೊತ್ತಿತ್ತು, ನಮಗೆ ಹೇಳಿರ್ಲಿಲ್ಲ ಅಷ್ಟೆ. ಶಿವಮೊಗ್ಗದಲ್ಲಿ ಸರ್ವಿಸ್‌ಗೆ ಬಿಟ್ಟಾಗ ಕಾರನ್ನ ಲಿಫ್ಟ್ ಮೇಲೆ ಎತ್ತಿ ಕೆಳಗಿಂದ ಟಾರ್ಚ್ ಹಾಕಿ ತೋರ್ಸಿದ್ರಂತೆ, "ಸರ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸ್ಬೇಕು, ಹೇಗೂ ಇಳಿಸ್ತೀವಲ್ಲ ಕ್ಲಚ್ ಸೆಟ್ಟೂ ಹಾಕ್ಬಿಡೋಣ" ಅಂತ. ಎಸ್ಟಿಮೇಟು 16,800 ರೂಪಾಯಿ. ಅಪ್ಪ ರಿಟೈರ್ಡ್ ಮೇಷ್ಟ್ರು, ಕಾರು 2012ರ ಮಾಡೆಲ್ಲು, 92 ಸಾವಿರ ಕಿಲೋಮೀಟರ್ ಓಡಿರೋ ಸಣ್ಣ ಪೆಟ್ರೋಲ್ ಗಾಡಿ. ಇದಕ್ಕೆ ಇಷ್ಟು ದುಡ್ಡು ಹಾಕ್ಬೇಕಾ, ಹಾಕ್ದೆ ದಾರೀಲಿ ಎಂಜಿನ್ ಸೀಜ್ ಆದ್ರೆ ಏನ್ ಮಾಡೋದು ಅಂತ ಎರಡು ವಾರ ಒಳಗೊಳಗೇ ಕೊರಗಿದಾರೆ. ಕ್ರ್ಯಾಂಕ್ ಅಂದ್ರೆ ಎಂಜಿನ್ ಒಳಗೆ ತಿರುಗೋ ಮುಖ್ಯ ದಂಡ, ಅದರ ತುದೀಲಿ ಎಣ್ಣೆ ಹೊರಗೆ ಬರದ ಹಾಗೆ ತಡೆಯೋ ಆ ಸೀಲ್ ಅನ್ನೋ ರಬ್ಬರ್ ಬಳೆಗೆ ಕೆಲವು ನೂರು ರೂಪಾಯಿ ಅಷ್ಟೆ. ಅದರ ತನಕ ಕೈ ಹೋಗೋಕೆ ಗೇರ್‌ಬಾಕ್ಸು ಕೆಳಗೆ ಬರ್ಬೇಕು, ಬಿಲ್ಲು ಏರೋದೇ ಅಲ್ಲಿ.

ನಾನು ಅಪ್ಪಂಗೆ ಹೇಳಿದ್ದು ಒಂದೇ ಮಾತು, ಎಷ್ಟು ಎಣ್ಣೆ ಹೋಗ್ತಿದೆ ಅಂತ ಗೊತ್ತಾಗೋ ತನಕ ಯಾರಿಗೂ ಹೂಂ ಅನ್ಬೇಡಿ. ಯಾಕಂದ್ರೆ ನೆಲದ ಕಲೆ ನೋಡಿದ್ರೆ ಜೀವ ಝಲ್ ಅನ್ನತ್ತೆ, ಆದ್ರೆ ಲೆಕ್ಕ ಹಾಕಿ ನೋಡಿ, ಸುಮಾರು 20 ಹನಿ ಸೇರಿದ್ರೆ ಒಂದು ಎಂಎಲ್, ರಾತ್ರಿಗೆ ಹತ್ತು ಹನಿ ಅಂದ್ರೂ ಅರ್ಧ ಎಂಎಲ್, ತಿಂಗಳಿಗೆ 15 ಎಂಎಲ್, ಅಂದ್ರೆ ಕೆಮ್ಮಿನ ಔಷಧಿ ಮುಚ್ಚಳದಲ್ಲಿ ಒಂದೆರಡು ಸಲ ಅಳೆಯೋವಷ್ಟು. ಹಾಗಂತ ಕಲೆ ಸಣ್ಣದಿದೆ ಅಂತ ನೆಮ್ಮದಿಯಾಗಿ ಕೂರೋ ಹಾಗೂ ಇಲ್ಲ, ಕೆಲವು ಲೀಕು ಎಂಜಿನ್ ಓಡ್ತಿರೋವಾಗ ಪ್ರೆಶರ್‌ಗೆ ಮಾತ್ರ ಹೊರಗೆ ಬರೋದು, ದಾರಿಯುದ್ದಕ್ಕೂ ಸುರಿದು ಮನೆಗೆ ಬಂದಾಗ ನಾಲ್ಕು ಹನಿ ಅಷ್ಟೇ ಬೀಳತ್ತೆ. ಅದಕ್ಕೇ ನೆಲ ನೋಡಿ ತೀರ್ಮಾನ ಮಾಡೋದಲ್ಲ, ಎಂಜಿನ್ನಲ್ಲಿ ಎಣ್ಣೆ ಮಟ್ಟ ತೋರಿಸೋ ಕಡ್ಡಿ, ಅಂದ್ರೆ ಡಿಪ್‌ಸ್ಟಿಕ್ ನೋಡ್ಬೇಕು.

ಡಿಪ್‌ಸ್ಟಿಕ್ ನೋಡೋದಕ್ಕೂ ಒಂದು ಕ್ರಮ ಇದೆ. ಸಮತಟ್ಟಾದ ಜಾಗ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ, ಎಣ್ಣೆಯೆಲ್ಲ ಕೆಳಗೆ ಚೇಂಬರ್‌ಗೆ ಇಳೀಬೇಕು, ಆಮೇಲೆ ಕಡ್ಡಿ ತೆಗೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ತೆಗೆದು ನೋಡೋದು. ಪ್ರತಿ ಸಲ ಅದೇ ಜಾಗದಲ್ಲಿ ನೋಡ್ಬೇಕು, ನಮ್ಮ ಮಲೆನಾಡಲ್ಲಿ ಸಮತಟ್ಟು ಜಾಗ ಹುಡುಕೋದೇ ಕಷ್ಟ, ಅಂಗಳದ ಇಳಿಜಾರಲ್ಲಿ ಒಂದಿನ, ರೋಡಲ್ಲಿ ಒಂದಿನ ನೋಡಿದ್ರೆ ಏನೂ ತಿಳಿಯಲ್ಲ. ಮೇಲಿನ ಗುರುತಿಂದ ಕೆಳಗಿನ ಗುರುತಿಗೆ ಹೆಚ್ಚಿನ ಸಣ್ಣ ಕಾರುಗಳಲ್ಲಿ ಸುಮಾರು ಒಂದು ಲೀಟರ್ ಬರತ್ತೆ. ಅಪ್ಪ ಅಡುಗೆಮನೆ ಕ್ಯಾಲೆಂಡರಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಪ್ರತಿ ಭಾನುವಾರ ಕಿಲೋಮೀಟರು, ಎಣ್ಣೆ ಮಟ್ಟ ಎರಡೂ ಬರೀತಾ ಹೋದ್ರು. ಆರು ವಾರ, 1,100 ಕಿಲೋಮೀಟರ್ ಆಯ್ತು. ಇಳಿದಿದ್ದು ಎರಡು ಗುರುತಿನ ಮಧ್ಯದ ಐದನೇ ಒಂದು ಭಾಗ, ಅಂದ್ರೆ ಸುಮಾರು 200 ಎಂಎಲ್. ಸೈಲೆನ್ಸರಲ್ಲಿ ನೀಲಿ ಹೊಗೆ ಇಲ್ಲ, ಹಾಗಾಗಿ ಒಳಗೆ ಸುಟ್ಟು ಹೋಗ್ತಿರೋ ಹಾಗೆ ಕಾಣ್ಲಿಲ್ಲ. ಇಷ್ಟಕ್ಕೆ ಗೇರ್‌ಬಾಕ್ಸ್ ಇಳಿಸೋ ಗಡಿಬಿಡಿ ಬೇಡ, ತಿಂಗಳಿಗೊಮ್ಮೆ ಅದೇ ಗ್ರೇಡಿನ ಆಯಿಲ್ ಟಾಪ್‌ಅಪ್ ಮಾಡ್ಕೊಂಡು ಎಲ್ಲಿಂದ ಬರ್ತಿದೆ ಅಂತ ಸಮಾಧಾನವಾಗಿ ಹುಡುಕ್ಬಹುದು ಅಂತ ನನಗನಿಸ್ತು. ಅದೇ ಸಾವಿರ ಕಿಲೋಮೀಟರ್‌ಗೆ ಅರ್ಧ ಲೀಟರ್ ಹೋಗಿದ್ರೆ ಮಾರನೇ ದಿನವೇ ಗ್ಯಾರೇಜಿಗೆ ಕಳಿಸ್ತಿದ್ದೆ.

ಜುಲೈಯಲ್ಲಿ ಮತ್ತೆ ಊರಿಗೆ ಹೋದಾಗ ಮಳೆ ಬಿಟ್ಟ ಒಂದು ಮಧ್ಯಾಹ್ನ ನಾನೂ ಅಪ್ಪನೂ ಬಾನೆಟ್ ಎತ್ತಿದ್ವಿ. ಎಂಜಿನ್ ಪೂರ್ತಿ ತಣ್ಣಗಿತ್ತು. ಹಳೇ ಬ್ರಷ್ಷು, ಸ್ವಲ್ಪ ಡೀಸೆಲ್ಲು, ಹಳೇ ಪಂಚೆ ಚೂರು ಇಟ್ಕೊಂಡು ವೈರಿನ ಕನೆಕ್ಟರ್‌ಗೆ ತಾಗದ ಹಾಗೆ ಜಿಡ್ಡೆಲ್ಲ ಒರೆಸಿ ತೆಗೆದ್ವಿ, ಗಂಟೆಗಟ್ಟಲೆ ಒಣಗೋಕೆ ಬಿಟ್ವಿ. ಆಮೇಲೆ ಅಮ್ಮನ ಟಾಲ್ಕಂ ಪೌಡರ್ ಡಬ್ಬ ತಂದು ಅನುಮಾನ ಇರೋ ಕಡೆ ಎಲ್ಲ ತೆಳ್ಳಗೆ ಉದುರಿಸಿ, ಪೇಟೆಗೆ ಹೋಗಿ ಬರೋದು ಸೇರಿ 20 ಕಿಲೋಮೀಟರ್ ಓಡಿಸ್ಕೊಂಡು ಬಂದ್ವಿ. ಟಾರ್ಚ್ ಹಾಕಿ ನೋಡಿದ್ರೆ ಬಿಳಿ ಪೌಡರ್ ಮೇಲೆ ಒಂದೇ ಒಂದು ಕಂದು ಗೆರೆ, ಎಂಜಿನ್ನಿನ ಮೇಲ್ಭಾಗವನ್ನ, ಅಂದ್ರೆ ಹೆಡ್ಡನ್ನ, ಮುಚ್ಚೋ ಟ್ಯಾಪೆಟ್ ಕವರಿನ ಗೇರ್‌ಬಾಕ್ಸ್ ಕಡೆ ಮೂಲೆಯಿಂದ ಶುರುವಾಗಿ, ಹೆಡ್ಡಿನ ಪಕ್ಕದಲ್ಲಿ ಹಾವಿನ ಹಾಗೆ ಇಳಿದು ಎಂಜಿನ್ನೂ ಗೇರ್‌ಬಾಕ್ಸೂ ಸೇರೋ ಸಂದಿಗೆ ಬಂದು ನಿಂತಿತ್ತು. ಅಪ್ಪ ಬೆರಳಲ್ಲಿ ಆ ಗೆರೆ ತೋರಿಸ್ತಾ ಸುಮಾರು ಹೊತ್ತು ಸುಮ್ನೇ ನೋಡ್ತಾ ನಿಂತಿದ್ರು.

ಎಣ್ಣೆ ಕೆಳಗೇ ಹರಿಯೋದು, ಗಾಳಿಗೆ ಹಿಂದಕ್ಕೆ ಹೋಗೋದು. ಹಾಗಾಗಿ ಒದ್ದೆ ಇರೋದ್ರಲ್ಲಿ ಎಲ್ಲಕ್ಕಿಂತ ಮೇಲಿನ ಜಾಗ ಯಾವುದು ಅಂತ ಹುಡುಕ್ಬೇಕು. ಲಿಫ್ಟ್ ಮೇಲೆ ಎತ್ತಿ ಕೆಳಗಿಂದ ನೋಡ್ದವರಿಗೆ ಆ ಸಂದಿ ಒದ್ದೆ ಕಾಣಿಸ್ತು, ಸೀಲ್ ಅಂದ್ರು. ಅವರು ಮೋಸ ಮಾಡಿದ್ರು ಅಂತ ನಾನು ಹೇಳಲ್ಲ, ತೊಳೆದು ನೋಡೋ ತಾಳ್ಮೆ ತೋರಿಸ್ಲಿಲ್ಲ ಅನ್ನೋದು ಮಾತ್ರ ಬೇಜಾರು, 16,800 ಖರ್ಚು ಮಾಡಿದ್ಮೇಲೂ ಹನಿ ಬೀಳೋದು ನಿಲ್ತಿರ್ಲಿಲ್ಲ.

ಊರಿನ ಗ್ಯಾರೇಜಿನ ಅಣ್ಣ ಕವರ್ ಬಿಚ್ಚಿ ಹಳೇ ಪ್ಯಾಕಿಂಗ್ ಕೈಗೆ ಕೊಟ್ರು. ರಬ್ಬರ್ ಅನ್ನೋಕೇ ಆಗಲ್ಲ, ಬಗ್ಗಿಸಿದ್ರೆ ಹಪ್ಪಳದ ಹಾಗೆ ಪಟಪಟ ಮುರೀತು, ಅಷ್ಟು ವರ್ಷ ಬಿಸಿ ತಿಂದಿದೆ ಪಾಪ. ಎಂಜಿನ್ ಒಳಗಿನ ಗಾಳಿ ಹೊರಗೆ ಬಿಡೋ ಬ್ರೀದರ್ ಪೈಪೂ ತೆಗೆದು ಕ್ಲೀನ್ ಮಾಡಿದ್ರು, ಅದು ಕಟ್ಕೊಂಡ್ರೆ ಒಳಗೆ ಪ್ರೆಶರ್ ಜಾಸ್ತಿಯಾಗಿ ಚೆನ್ನಾಗಿರೋ ಸೀಲಿಂದಾನೂ ಎಣ್ಣೆ ಒಸರತ್ತೆ ಅಂತ ಹೇಳಿದ್ರು. ಮೊದ್ಲು ಯಾರೋ ಲೀಕ್ ನಿಲ್ಲಿಸೋಕೆ ಬೋಲ್ಟ್ ವಿಪರೀತ ಬಿಗಿ ಮಾಡಿದ್ರಂತೆ, ಅದ್ರಿಂದ ಪ್ಯಾಕಿಂಗ್ ಇನ್ನೂ ಜಜ್ಜಿ ಹೋಗಿತ್ತು, ದಯವಿಟ್ಟು ಯಾರೂ ಹಾಗೆ ಮಾಡ್ಬೇಡಿ. ಎಲ್ಲಾ ಸೇರಿ 1,150 ರೂಪಾಯಿ.

ಆದ್ರೆ ಇದನ್ನ ಓದಿ ಎಲ್ಲಾ ಲೀಕೂ ಕಾಯ್ಬಹುದು ಅಂದ್ಕೋಬೇಡಿ, ಇದು ಮುಖ್ಯ. ನನ್ನ ಗೆಳೆಯನ ಹಳೇ ಕಾರಲ್ಲಿ ಮುಂದಿನ ಕಡೆ ಸೀಲಿಂದ ಒಸರ್ತಿದ್ದ ಎಣ್ಣೆ, ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚೋ ಹಾಗೆ ನೋಡ್ಕೊಳ್ಳೋ ಟೈಮಿಂಗ್ ಬೆಲ್ಟ್ ಮೇಲೆ ಬೀಳ್ತಿತ್ತು, ನೆಲದ ಮೇಲೆ ಒಂದು ಹನಿ ಕಾಣ್ತಿರ್ಲಿಲ್ಲ, ಎಣ್ಣೆ ಕುಡಿದ ಬೆಲ್ಟು ಒಂದಿನ ಕಿತ್ಕೊಂಡು ವಾಲ್ವ್‌ಗಳೆಲ್ಲ ಬೆಂಡಾಗಿ ಎಂಜಿನ್ ಹೆಡ್ಡೇ ಇಳಿಸ್ಬೇಕಾಯ್ತು. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಸುಟ್ಟ ವಾಸನೆ, ಹೊಗೆ ಬರ್ತಿದ್ರೆ ಬೆಂಕಿ ಹತ್ಕೊಳ್ಳೋ ಅಪಾಯ ಇದೆ, ಅದೂ ಕಾಯೋ ಹಾಗಿಲ್ಲ. ಸರ್ವಿಸ್ ಮಾಡ್ಸಿದ ಮಾರನೇ ದಿನವೇ ಸುರಿಯೋಕೆ ಶುರುವಾದ್ರೆ ಹೆಚ್ಚಾಗಿ ಫಿಲ್ಟರೋ ಡ್ರೈನ್ ಬೋಲ್ಟಿನ ವಾಷರೋ ಇರತ್ತೆ, ಸುಲಭದ ಕೆಲಸ ಆದ್ರೂ ತಕ್ಷಣ ನೋಡಿಸ್ಬೇಕು. ಮತ್ತೆ ಡ್ಯಾಶ್‌ಬೋರ್ಡಲ್ಲಿ ಎಣ್ಣೆ ಕ್ಯಾನಿನ ಚಿತ್ರದ ಕೆಂಪು ದೀಪ ಹತ್ತಿದ್ರೆ ಅದು ಎಣ್ಣೆ ಕಮ್ಮಿ ಆಗ್ತಿದೆ ಅನ್ನೋ ಸೂಚನೆ ಅಂದ್ಕೊಂಡು ಮನೆ ತನಕ ಓಡಿಸ್ಬೇಡಿ, ಪ್ರೆಶರ್ರೇ ಬಿದ್ದಿದೆ ಅಂತ ಅರ್ಥ, ಅಲ್ಲೇ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡ್ಬೇಕು.

ಲೀಕ್ ನಿಲ್ಲಿಸೋ ಬಾಟಲಿ ಔಷಧಿ ಹಾಕ್ಲಾ ಅಂತ ಅಪ್ಪ ಕೇಳಿದ್ರು. ಅದು ರಬ್ಬರ್ ಸೀಲನ್ನ ಉಬ್ಬಿಸತ್ತೆ, ಮುರಿದ ಪ್ಯಾಕಿಂಗ್‌ಗೆ ಏನೂ ಮಾಡಲ್ಲ, ಬೇಡ ಅಂದೆ.

ಈಗ ನವರಾತ್ರಿ ರಜೆಗೆ ಬಂದಿದೀನಿ. ಕಾರಿನ ಕೆಳಗೆ ರಟ್ಟು ಹಾಸಿ ರಾತ್ರಿ ಬಿಟ್ಟಿದ್ವಿ, ಬೆಳಿಗ್ಗೆ ಕಡಲೆಕಾಳಿನಷ್ಟು ಒಂದು ಗುರುತು. ಕ್ರ್ಯಾಂಕ್ ಸೀಲೂ ಸ್ವಲ್ಪ ಒಸರ್ತಿದೆ, ಅದು ನಿಜಾನೇ. ಕ್ಲಚ್ ಇನ್ನೂ ಜಾರ್ತಿಲ್ಲ, ಅದನ್ನ ಬದಲಾಯಿಸೋ ದಿನ ಗೇರ್‌ಬಾಕ್ಸ್ ಹೇಗೂ ಇಳಿಯತ್ತೆ, ಅವತ್ತೇ ಸೀಲೂ ಹಾಕಿಸೋದು ಅಂತ ಮಾತಾಡ್ಕೊಂಡಿದೀವಿ. ಅಲ್ಲೀವರೆಗೂ ಆ ರಟ್ಟು ಅಲ್ಲೇ ಇರತ್ತೆ, ಅಂಗಳದ ಮಳೆನೀರು ಹರಿಯೋದು ನಮ್ಮ ಅಡಿಕೆ ತೋಟಕ್ಕೆ, ಒಂದು ಹನಿ ಎಣ್ಣೆನೂ ಅಲ್ಲಿಗೆ ಹೋಗೋದು ಬೇಡ ಅಂತ ಅಮ್ಮಂದೇ ಆರ್ಡರು. ಕ್ಯಾಲೆಂಡರಲ್ಲಿ ಅಪ್ಪನ ಭಾನುವಾರದ ಲೆಕ್ಕ ಇನ್ನೂ ನಡೀತಿದೆ.