ಶಾಂತಿಸಾಗರದ ಏರಿಯ ಬಳಿ ಎಂಟು ಮಂದಿ

1974ರ ಜೂನ್ ತಿಂಗಳಿನಲ್ಲಿ, ನಮ್ಮ ಶಾಲೆಯ ಸ್ಕೌಟ್ ದಳದ ನವಿಲು ಪೆಟ್ರೋಲಿಗೆ ನಾನು ಲೀಡರ್ ಆದೆನೆಂಬ ಸುದ್ದಿಯನ್ನು ಮನೆಯಲ್ಲಿ ಹೇಳಿದಾಗ, ಸೀಮೆಎಣ್ಣೆಗಾಗಿ ಸೊಸೈಟಿಯ ಮುಂದೆ ಸಾಲಿನಲ್ಲಿ ನಿಂತು ಬಂದು ಆಗಷ್ಟೇ ಜಗಲಿಯ ಮೇಲೆ ಕುಳಿತಿದ್ದ ನಮ್ಮ ತಂದೆಯವರು, "ಪೆಟ್ರೋಲ್ ಲೀಡರ್ ಆದೆಯಾ? ಹಾಗಾದರೆ ನಮಗೂ ಒಂದು ಡಬ್ಬ ಕೊಡಿಸು" ಎಂದಿದ್ದರು. ಅದರ ಹಿಂದಿನ ವರ್ಷವೇ ಅರಬ್ ದೇಶಗಳು ಎಣ್ಣೆಯ ಬೆಲೆಯನ್ನು ಏರಿಸಿದ್ದರಿಂದ ಊರಿನಲ್ಲೆಲ್ಲ ಅದೇ ಮಾತಾಗಿತ್ತು. ಸ್ಕೌಟಿನಲ್ಲಿ ಎಂಟು ಮಂದಿ ಹುಡುಗರ ಗುಂಪಿಗೆ ಪೆಟ್ರೋಲ್ ಎನ್ನುತ್ತಾರೆಂದು, ಆ ಎಂಟು ಮಂದಿಯ ಹೊಣೆ ಅವರಲ್ಲೇ ಒಬ್ಬನ ಹೆಗಲಿಗೆ ಬೀಳುತ್ತದೆಂದು ನಾನು ಅವರಿಗೆ ವಿವರಿಸಿದೆ. ಹದಿನಾಲ್ಕು ವರ್ಷದ ಹುಡುಗನಿಗೆ ಯಾರಾದರೂ ಹೊಣೆ ಕೊಡುತ್ತಾರೆಯೇ ಎಂಬ ಅನುಮಾನ ಅವರ ಮುಖದಿಂದ ಹೋಗಲಿಲ್ಲ.

ಆಗ ನಮ್ಮ ಶಾಲೆಯಲ್ಲಿ ಮೂರು ಪೆಟ್ರೋಲುಗಳಿದ್ದವು, ಒಟ್ಟು ಇಪ್ಪತ್ತನಾಲ್ಕು ಹುಡುಗರು. ಖಾಕಿ ಅಂಗಿ, ಖಾಕಿ ಚಡ್ಡಿ, ಕೊರಳಿಗೆ ಸ್ಕಾರ್ಫ್, ಕೈಯಲ್ಲಿ ಆಳೆತ್ತರದ ಬಿದಿರುಕೋಲು ಇವಿಷ್ಟು ನಮ್ಮ ವೇಷ. ಸಂಖ್ಯೆ ಅಷ್ಟಕ್ಕೇ ನಿಂತಿದ್ದಕ್ಕೆ ಕಾರಣ ಹುಡುಗರಿಗೆ ಆಸಕ್ತಿಯಿಲ್ಲದಿದ್ದುದಲ್ಲ; ಸಮವಸ್ತ್ರದ ಬಟ್ಟೆ ಮತ್ತು ಹೊಲಿಗೆಯ ಕೂಲಿ ಎರಡನ್ನೂ ಹೊಂದಿಸಬಲ್ಲ ಮನೆಗಳು ಅಷ್ಟೇ ಇದ್ದವು. ನನ್ನ ತರಗತಿಯಲ್ಲೇ, ಮರ ಹತ್ತುವುದರಲ್ಲಿ, ಈಜುವುದರಲ್ಲಿ, ದನ ಕಾಯುವ ಹುಡುಗನಾದ್ದರಿಂದ ಕಾಡಿನ ಜಾಡು ಹಿಡಿಯುವುದರಲ್ಲಿ ನಮ್ಮೆಲ್ಲರನ್ನೂ ಮೀರಿಸುವ ಒಬ್ಬನಿದ್ದ. ಅವನು ಸ್ಕೌಟ್ ಆಗಲಿಲ್ಲ. ಹೆಣ್ಣುಮಕ್ಕಳ ಮಾತಂತೂ ಏಳಲೇ ಇಲ್ಲ, ಏಕೆಂದರೆ ಗೈಡ್ ತರಬೇತಿ ಪಡೆದ ಶಿಕ್ಷಕಿ ನಮ್ಮಲ್ಲಿರಲಿಲ್ಲ. ಹಳೆಯ ದಿನಗಳನ್ನು ಹೊಗಳುವ ಮೊದಲು ಇವೆರಡನ್ನೂ ಹೇಳಿಬಿಡುವುದು ನ್ಯಾಯವೆಂದು ನನಗೆ ತೋರುತ್ತದೆ.

ಮರುವರ್ಷದ ಜನವರಿಯಲ್ಲಿ, ಸಂಕ್ರಾಂತಿ ಕಳೆದ ವಾರ, ನಮ್ಮ ಸ್ಕೌಟ್ ಮೇಷ್ಟರು ನವಿಲು ಪೆಟ್ರೋಲನ್ನು ಕರೆದು, ಶನಿವಾರ ಮಧ್ಯಾಹ್ನ ಹೊರಟು ಸೂಳೆಕೆರೆಗೆ ನಡೆದು ಹೋಗಿ, ಏರಿಯ ಕೆಳಗೆ ಒಂದು ರಾತ್ರಿ ತಂಗಿ, ಭಾನುವಾರ ಸಂಜೆಯೊಳಗೆ ಹಿಂದಿರುಗಬೇಕೆಂದು ಹೇಳಿದರು. ಹೆತ್ತವರಿಗೆ ಬರೆದ ಪತ್ರದಲ್ಲಿ ಅವರು ಸಂಕೋಚದಿಂದ 'ಶಾಂತಿಸಾಗರ' ಎಂದೇ ಬರೆದಿದ್ದರು. ಚನ್ನಗಿರಿ ತಾಲ್ಲೂಕು ಆಗ ಶಿವಮೊಗ್ಗ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು; ಕೆರೆ ಮಾತ್ರ ಯಾವ ಜಿಲ್ಲೆಗೂ ಸೇರದಷ್ಟು ದೊಡ್ಡದೆಂದು ನಮಗೆ ಕಾಣುತ್ತಿತ್ತು. ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಏರಿ ಕಟ್ಟಿ, ಹರಿದ್ರಾ ಹಳ್ಳವನ್ನು ಹಿಡಿದು ನಿಲ್ಲಿಸಿದ ಆ ನೀರು ಕಣ್ಣಿನ ಅಳತೆಗೆ ಸಿಕ್ಕುವಂಥದಲ್ಲ. ಮೇಷ್ಟರು ನಮ್ಮ ಕೈಗೆ ಒಂದು ಕೈಬರಹದ ನಕ್ಷೆಯನ್ನೂ ಒಂದು ದಿಕ್ಸೂಚಿಯನ್ನೂ ಕೊಟ್ಟು, ನೀರಿಗೆ ಇಳಿಯಕೂಡದೆಂದು ಎಲ್ಲರಿಂದಲೂ ಮಾತು ತೆಗೆದುಕೊಂಡು, ತಾವು ಬರುವುದಿಲ್ಲವೆಂದು ಹೇಳಿದರು.

ನಡಿಗೆ ಸುಲಭವಾಗಿತ್ತು. ಅಡಿಕೆ ತೋಟಗಳ ಬದಿಯಲ್ಲಿ, ಭದ್ರಾ ನಾಲೆಯ ದಂಡೆಯ ಮೇಲೆ, ಹಾಡುತ್ತ, ಜೇಬಿನ ಮಂಡಕ್ಕಿಯನ್ನು ಊರು ದಾಟುವ ಮೊದಲೇ ಮುಗಿಸಿ ಹೋದೆವು. ಹಳೆಯ ಕ್ಯಾನ್ವಾಸ್ ಡೇರೆ ಒಂದೇ ಇತ್ತು. ಅದನ್ನು ಇಬ್ಬರು ಕೋಲಿಗೆ ಕಟ್ಟಿ ಹೆಣ ಹೊತ್ತಂತೆ ಹೊತ್ತಿದ್ದರು. ತೊಂದರೆ ತೊಡಗಿದ್ದು ಸಂಜೆ, ಸಿದ್ಧೇಶ್ವರನ ಗುಡಿಯಿಂದ ಸ್ವಲ್ಪ ದೂರದಲ್ಲಿ ಡೇರೆ ಹೂಡಿ, ಮೂರು ಕಲ್ಲಿನ ಒಲೆ ಮಾಡಿ, ಅಕ್ಕಿ ತೊಳೆದಿಟ್ಟ ಮೇಲೆ. ಉಗ್ರಾಣದ ಹೊಣೆ ಹೊತ್ತಿದ್ದ ಹುಡುಗ ಚೀಲವನ್ನು ಮೂರು ಸಲ ತಲೆಕೆಳಗು ಮಾಡಿ, ಅಕ್ಕಿ, ಬೇಳೆ, ಉಪ್ಪು, ಒಣಮೆಣಸಿನಕಾಯಿ ಎಲ್ಲವೂ ಇವೆ, ಬೆಂಕಿಪೊಟ್ಟಣ ಇಲ್ಲ ಎಂದ. ಒಂದು ಕಡ್ಡಿಯಲ್ಲಿ ಬೆಂಕಿ ಹೊತ್ತಿಸಿ ತೋರಿಸುವ ಪರೀಕ್ಷೆಯಲ್ಲಿ ನಾವು ಎಂಟೂ ಮಂದಿ ತೇರ್ಗಡೆಯಾಗಿದ್ದೆವು. ಆ ಒಂದು ಕಡ್ಡಿಯೇ ಇಲ್ಲದಿದ್ದರೆ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ. ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ಬೈದುಕೊಂಡೆವು. ಆಮೇಲೆ ಇಬ್ಬರನ್ನು ದಡದ ಮೀನುಗಾರರ ಗುಡಿಸಲಿನತ್ತ ಕಳಿಸಿದೆ. ಅಲ್ಲಿನ ಅಜ್ಜಿಯೊಬ್ಬಳು, ಒಡೆದ ಹೆಂಚಿನ ಮೇಲೆ ಬೂದಿ ಹರಡಿ, ಅದರ ಮೇಲೆ ಉರಿಯುವ ಬೆರಣಿಯ ತುಂಡಿಟ್ಟು, ಗಾಳಿಗೆ ಬೆನ್ನು ಮಾಡಿ ನಡೆಯಬೇಕೆಂದು ಹೇಳಿಕೊಟ್ಟು ಕಳಿಸಿದಳಂತೆ. ಕತ್ತಲಲ್ಲಿ ಆ ಕೆಂಡದ ಚುಕ್ಕೆ ಒಂದೇ ಸಮನೆ ನಮ್ಮತ್ತ ಬರುತ್ತಿದ್ದುದನ್ನು ನೋಡುತ್ತ ನಿಂತಾಗ ಆದ ಸಮಾಧಾನ ಆಮೇಲೆ ಯಾವ ಪರೀಕ್ಷೆಯ ಫಲಿತಾಂಶದಿಂದಲೂ ನನಗೆ ಆಗಿಲ್ಲ. ಅನ್ನ ತಳ ಹಿಡಿದಿತ್ತು, ಬೇಳೆ ಬೆಂದಿರಲಿಲ್ಲ, ಒಂದು ಅಗುಳೂ ಉಳಿಯಲಿಲ್ಲ.

ರಾತ್ರಿಯ ಕಾವಲನ್ನು ಇಬ್ಬಿಬ್ಬರಂತೆ ಹಂಚಿಕೊಂಡೆವು. ಗಡಿಯಾರ ಒಂದೇ, ಒಬ್ಬನ ಮಾವನಿಂದ ಎರವಲು ತಂದಿದ್ದ ಎಚ್‌ಎಂಟಿ. ಅದು ಕಾವಲುಗಾರನ ಕೈಯಿಂದ ಕಾವಲುಗಾರನ ಕೈಗೆ ದಾಟುತ್ತಿತ್ತು. ನಡುರಾತ್ರಿಯ ಹೊತ್ತಿಗೆ, ನಮ್ಮಲ್ಲೆಲ್ಲ ಚಿಕ್ಕವನು, ನರಿ ಕೂಗಿದ್ದಕ್ಕೋ ಮನೆಯ ನೆನಪಿಗೋ, ಹೊದಿಕೆಯೊಳಗೆ ಮುಖವಿಟ್ಟು ಅಳುತ್ತಿರುವುದು ನನಗೆ ಕೇಳಿಸಿತು. ಅಳಬೇಡವೆಂದು ಹೇಳಿದರೆ ಉಳಿದವರಿಗೆ ಎಚ್ಚರವಾಗಿ ಅವನಿಗೆ ನಾಚಿಕೆಯಾಗುತ್ತದೆ, ಸುಮ್ಮನಿದ್ದರೆ ಅಳು ನಿಲ್ಲುವುದಿಲ್ಲ. ಕೊನೆಗೆ, ಕಾವಲಿನವನೊಬ್ಬನಿಗೆ ಹೊಟ್ಟೆನೋವೆಂದು ಚಿಕ್ಕವನಿಗೆ ಸುಳ್ಳು ಹೇಳಿ, ಆ ಕಾವಲಿನವನನ್ನು ಒಳಗೆ ಮಲಗಿಸಿ, ಈ ಹುಡುಗನ ಕೈಗೆ ಟಾರ್ಚನ್ನೂ ಗಡಿಯಾರವನ್ನೂ ಕೊಟ್ಟು, ಬೆಂಕಿ ಆರದಂತೆ ನೋಡಿಕೋ ಎಂದು ಹೊರಗೆ ಕೂರಿಸಿದೆ. ಸ್ಕೌಟ್ ನಂಬಿಕೆಗೆ ಅರ್ಹನು ಎಂಬ ಮೊದಲ ನಿಯಮವನ್ನು ಮುರಿದೇ ಆ ಕೆಲಸ ಮಾಡಿದೆನಾದರೂ ಅದಕ್ಕಾಗಿ ಇಂದಿಗೂ ಪಶ್ಚಾತ್ತಾಪವಿಲ್ಲ. ಒಬ್ಬ ದೊಡ್ಡವರು ಆ ಡೇರೆಯಲ್ಲಿದ್ದಿದ್ದರೆ ಹುಡುಗನನ್ನು ಅವರೇ ಸಂತೈಸುತ್ತಿದ್ದರು, ನಾನು ಹೊದ್ದು ಮಲಗಿರುತ್ತಿದ್ದೆ.

ಮುಂದೆ ನಾವು ಒಂದೆಡೆ ಸೇರಿದಾಗಲೆಲ್ಲ, ಮೇಷ್ಟರು ಆ ರಾತ್ರಿ ಗುಡಿಯ ಮಂಟಪದಲ್ಲೇ ಅಡಗಿ ಮಲಗಿದ್ದರೆಂಬ ಕಥೆಯನ್ನು ಯಾರಾದರೊಬ್ಬರು ಹೇಳುತ್ತಿದ್ದರು. ವರ್ಷದಿಂದ ವರ್ಷಕ್ಕೆ ಆ ಕಥೆಗೆ ಕಂಬಳಿ, ಲಾಟೀನು, ಸೈಕಲ್ಲು ಎಲ್ಲ ಸೇರಿಕೊಂಡವು. ಅವರು ನಿವೃತ್ತರಾದ ಮೇಲೆ ನಾನು ಕೇಳಿಯೇಬಿಟ್ಟೆ. "ಇಲ್ಲವಯ್ಯ, ಮನೆಯಲ್ಲೇ ಇದ್ದೆ. ನಿದ್ದೆ ಬರಲಿಲ್ಲ, ಅದು ಬೇರೆ ಮಾತು. ನಾನೂ ಬರುವುದಾಗಿದ್ದರೆ ನಿಮ್ಮನ್ನು ಕಳಿಸಿದ್ದೇಕೆ?" ಎಂದರು.

ಈ ಚಳವಳಿಯ ಹುಟ್ಟೇ ಅಂಥ ಒಂದು ಶಿಬಿರದಲ್ಲಿ ಆಯಿತೆಂಬುದನ್ನು ನೆನೆದರೆ ಅವರ ಮಾತಿನ ತೂಕ ತಿಳಿಯುತ್ತದೆ. 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಅವರು ಕರೆದೊಯ್ದದ್ದು ಇಪ್ಪತ್ತರ ಆಸುಪಾಸಿನ ಹುಡುಗರನ್ನು ಮಾತ್ರ. ಸಿರಿವಂತರ ಶಾಲೆಗಳ ಹುಡುಗರನ್ನೂ ದುಡಿಯುವವರ ಮನೆಯ ಹುಡುಗರನ್ನೂ ಬೆರೆಸಿ, ತೋಳ, ಗೂಳಿ, ಕಾಗೆ, ಕರ್ಲ್ಯೂ ಹಕ್ಕಿ ಎಂದು ನಾಲ್ಕು ಪೆಟ್ರೋಲುಗಳಾಗಿ ಹಂಚಿ, ಪ್ರತಿಯೊಂದನ್ನೂ ಒಬ್ಬ ಹುಡುಗನ ಕೈಗೆ ಒಪ್ಪಿಸಿದ್ದರು. ಎರಡೇ ವರ್ಷಗಳಲ್ಲಿ, 1909ರಲ್ಲಿ, ಭಾರತದ ಮೊದಲ ದಳ ನಮ್ಮ ಬೆಂಗಳೂರಿನಲ್ಲೇ ಕ್ಯಾಪ್ಟನ್ ಬೇಕರ್ ಎಂಬವರಿಂದ ಆರಂಭವಾಯಿತು. ಆದರೆ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮೀಸಲು; ಭಾರತೀಯ ಹುಡುಗರಿಗೆ ಪ್ರವೇಶವಿರಲಿಲ್ಲ. ಆ ಬಾಗಿಲನ್ನು ತೆರೆಸಲು ಮದರಾಸಿನಲ್ಲಿ ಆನಿ ಬೆಸೆಂಟರೂ ಉತ್ತರದಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಅವರೂ ಬೇರೆ ಸಂಸ್ಥೆಗಳನ್ನೇ ಕಟ್ಟಬೇಕಾಯಿತು. ಹೀಗೆ ಹಲವಾಗಿದ್ದುದು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆದದ್ದು 1950ರ ನವೆಂಬರ್ 7ರಂದು. ಮರುವರ್ಷದ ಆಗಸ್ಟ್ 15ರಂದು ಗೈಡ್ ಸಂಸ್ಥೆಯೂ ಬಂದು ಸೇರಿತು. ದೊಡ್ಡಬಳ್ಳಾಪುರದ ಶಿಬಿರ ಕೇಂದ್ರಕ್ಕೆ ಬೆಸೆಂಟರ ಹೆಸರಿಟ್ಟಿರುವುದರ ಹಿಂದೆ ಇರುವುದು, ಯಾರು ಸದಸ್ಯರಾಗಬಹುದು ಎಂಬ ಆ ಹಳೆಯ ಜಗಳವೇ.

ಕಳೆದ ನವೆಂಬರ್ 7ರಂದು, ಸಂಸ್ಥಾಪನಾ ದಿನಕ್ಕೆಂದು ನನ್ನನ್ನು ಶಾಲೆಗೆ ಕರೆದಿದ್ದರು. ಆ ಜಗಳವನ್ನು ನಮ್ಮ ಅಂಗಳದ ಮಟ್ಟಿಗೆ ಗೆದ್ದಾಗಿದೆ. ಖಾಕಿ ಹೋಗಿ ಬೂದು ಬಣ್ಣದ ಅಂಗಿ ಬಂದಿದೆ. ಕಬ್, ಬುಲ್‌ಬುಲ್ ಎಂಬ ಪುಟ್ಟ ಮಕ್ಕಳು, ಸ್ಕೌಟ್, ಗೈಡ್ ಎಲ್ಲರೂ ಸೇರಿ ಮೈದಾನದ ಒಂದು ಪಕ್ಕ ತುಂಬುವಷ್ಟು ಮಕ್ಕಳಿದ್ದಾರೆ. ಅವರಲ್ಲಿ ಹುಡುಗಿಯರೇ ಹೆಚ್ಚು. ಸಮವಸ್ತ್ರಕ್ಕೆ ಹಣವಿಲ್ಲದವರಿಗೆ ಹಳೆಯ ವಿದ್ಯಾರ್ಥಿಗಳು ಕೊಡಿಸಿದ್ದಾರೆಂದು ತಿಳಿದು, ದನ ಕಾಯುತ್ತಿದ್ದ ಆ ಗೆಳೆಯನ ನೆನಪಾಯಿತು. ಸಂಖ್ಯೆ ಬೆಳೆದುದಕ್ಕೆ ಬೇರೆ ಕಾರಣಗಳೂ ಉಂಟು. ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ಹತ್ತಿ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಪಡೆದವರಿಗೆ ಸಿಇಟಿಯ ವಿಶೇಷ ಪ್ರವರ್ಗದಲ್ಲಿ, ರೈಲ್ವೆಯ ನೇಮಕಾತಿಯಲ್ಲಿ ಅವಕಾಶವಿದೆಯೆಂಬುದು ಎಲ್ಲ ಪೋಷಕರಿಗೂ ಗೊತ್ತಿದೆ. ಇದನ್ನು ಹಗುರವಾಗಿ ಕಾಣುವವನು ನಾನಲ್ಲ. ರೈತಾಪಿ ಮನೆಯ ಮಗುವಿಗೆ ಒಂದು ಸೀಟು, ಒಂದು ನೌಕರಿ ಸಣ್ಣ ಮಾತಲ್ಲ. ಆದರೆ ಲಾಗ್ ಪುಸ್ತಕವನ್ನು ಅನುಭವ ಬರೆಯುವುದಕ್ಕಿಂತ ಸಹಿ ಹಾಕಿಸುವುದಕ್ಕಾಗಿ ಇಟ್ಟುಕೊಳ್ಳುವ ಅಭ್ಯಾಸ ಇದರೊಂದಿಗೇ ಬಂದಿದೆ.

ನಾನು ಆ ಮಕ್ಕಳನ್ನು ಒಂದು ಪ್ರಶ್ನೆ ಕೇಳಿದೆ: ದೊಡ್ಡವರು ಯಾರೂ ಇಲ್ಲದೆ, ನೀವು ನೀವೇ ಒಂದು ರಾತ್ರಿ ಹೊರಗೆ ಕಳೆದದ್ದುಂಟೇ? ಒಂದು ಕೈಯೂ ಮೇಲೇಳಲಿಲ್ಲ. ಶಿಬಿರಕ್ಕೆ ಹೋದವರು ಬಹಳ ಮಂದಿ ಇದ್ದರು. ಇಬ್ಬರು 2022ರ ಡಿಸೆಂಬರಿನಲ್ಲಿ ಕಬ್, ಬುಲ್‌ಬುಲ್ ಆಗಿದ್ದಾಗ ಮೂಡುಬಿದಿರೆಯ ಸಾಂಸ್ಕೃತಿಕ ಜಾಂಬೂರಿ ಎಂಬ ಸ್ಕೌಟ್ ಮೇಳಕ್ಕೂ ಹೋಗಿ ಬಂದಿದ್ದರು. ಆ ಜಾಂಬೂರಿಯನ್ನು ನಾನೂ ಒಂದು ದಿನ ನೋಡಿದ್ದೇನೆ. ಅರ್ಧ ಲಕ್ಷದಷ್ಟು ಮಕ್ಕಳೆಂದು ಪತ್ರಿಕೆಗಳು ಬರೆದಿದ್ದವು. ಮಣಿಪುರದ ಹುಡುಗಿಯೊಬ್ಬಳು ನಮ್ಮ ಕಡೆಯ ಹುಡುಗಿಗೆ ಕುಣಿತದ ಹೆಜ್ಜೆ ಕಲಿಸುತ್ತಿದ್ದುದನ್ನು ಕಂಡು ಮನಸ್ಸು ತುಂಬಿತ್ತು. ಆದರೆ ಅಷ್ಟು ದೊಡ್ಡ ಸಂತೆಯಲ್ಲಿ ಮಗುವಿನ ಊಟ, ನೀರು, ಹಾಸಿಗೆ, ಹೊತ್ತು ಎಲ್ಲವನ್ನೂ ಬೇರೆಯವರು ನಿಶ್ಚಯಿಸಲೇಬೇಕು. ಅಲ್ಲಿ ಬೆಂಕಿಪೊಟ್ಟಣ ಮರೆಯುವ ಅವಕಾಶ ಮಗುವಿಗೆ ಸಿಗುವುದಿಲ್ಲ.

ಶಿಕ್ಷಕರನ್ನು ದೂರುವುದು ಸುಲಭ, ಅದು ನ್ಯಾಯವಲ್ಲ. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆ ಹೋದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ತೀರಿಕೊಂಡ ಮೇಲೆ, ಮಕ್ಕಳನ್ನು ಹೊರಗೆ ಕರೆದೊಯ್ಯಲು ಯಾವ ಶಿಕ್ಷಕರಿಗೆ ತಾನೇ ಕೈ ನಡುಗದು? ಕಾಡೂ ಮೊದಲಿನಂತೆ ತೆರೆದಿಲ್ಲ. ಅದೇ ವರ್ಷದ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ಏಕಕಾಲಕ್ಕೆ ನುಗ್ಗಿದ ಬಳಿಕ, ಚಾರಣಕ್ಕೆ ಆನ್‌ಲೈನ್ ಅನುಮತಿ ಕಡ್ಡಾಯವಾಯಿತು. ಈ ಅಂಜಿಕೆ ನಮ್ಮದೊಂದೇ ಅಲ್ಲ. ನಮ್ಮ ಪೆಟ್ರೋಲಿನವನೇ ಒಬ್ಬ ಈಗ ಟೆಕ್ಸಾಸಿನಲ್ಲಿ ಮಗನ ಮನೆಯಲ್ಲಿದ್ದಾನೆ. ಅವನ ಮೊಮ್ಮಗಳು ಅಲ್ಲಿ ಸ್ಕೌಟ್. ಹುಡುಗರಿಗಷ್ಟೇ ಇದ್ದ ಅಮೆರಿಕದ 'ಬಾಯ್ ಸ್ಕೌಟ್ಸ್' ಸಂಸ್ಥೆ 2019ರಿಂದ ಹುಡುಗಿಯರಿಗೂ ಪೂರ್ತಿ ತೆರೆಯಿತು, 2025ರಲ್ಲಿ ಹೆಸರಿನಿಂದ 'ಬಾಯ್' ಎಂಬುದನ್ನೂ ಕೈಬಿಟ್ಟಿತು. ಆದರೂ 1970ರ ದಶಕದ ಆರಂಭದಲ್ಲಿ 40 ಲಕ್ಷವನ್ನು ಮೀರಿದ್ದ ಅಲ್ಲಿನ ಮಕ್ಕಳ ಸಂಖ್ಯೆ ಈಗ 10 ಲಕ್ಷದ ಆಸುಪಾಸಿಗೆ ಇಳಿದಿದೆ. ಮಕ್ಕಳ ಮೇಲಿನ ದೌರ್ಜನ್ಯದ ನೂರಾರು ದಾವೆಗಳಿಂದಾಗಿ 2020ರಲ್ಲಿ ಅದು ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. 2018ರ ಅಕ್ಟೋಬರಿನಿಂದ ಅಲ್ಲಿ ಯಾವುದೇ ಸ್ಕೌಟ್ ಚಟುವಟಿಕೆಗೂ ನೋಂದಾಯಿತ ವಯಸ್ಕರು ಇಬ್ಬರು ಇರಲೇಬೇಕು. ಅಂಥ ಚರಿತ್ರೆಯುಳ್ಳವರು ಅಂಥ ನಿಯಮ ಮಾಡಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟ, ಆದರೆ ಅದರಿಂದ ಪೆಟ್ರೋಲು ತಾನಾಗಿಯೇ ಹೊರಡುವ ಹಳೆಯ ಪದ್ಧತಿ ಅಲ್ಲಿ ಮುಗಿಯಿತು. ಬ್ರಿಟನ್ನಿನವರು ಬೇರೆ ದಾರಿ ಹಿಡಿದಿದ್ದಾರೆ. ಅಲ್ಲಿ ಶಿಬಿರ ನಡೆಸಲು ಪರವಾನಗಿ ಪಡೆದ ನಾಯಕರು, ಮಕ್ಕಳ ಸಿದ್ಧತೆಯನ್ನು ಪರಿಶೀಲಿಸಿ ತೃಪ್ತರಾದರೆ, ಆ ಒಂದು ಶಿಬಿರಕ್ಕೆ ಸೀಮಿತವಾದ 'ಪಾಸ್‌ಪೋರ್ಟ್' ಕೊಟ್ಟು ಮಕ್ಕಳನ್ನಷ್ಟೇ ಕಳಿಸಬಹುದು. ಹೊಣೆ ನಾಯಕರದೇ, ರಾತ್ರಿ ಮಾತ್ರ ಮಕ್ಕಳದು. ನಮ್ಮ ಮೇಷ್ಟರು ಆ ಕೈಬರಹದ ನಕ್ಷೆ ಕೊಟ್ಟಾಗ ಮಾಡಿದ್ದೂ ಅದೇ, ಕಾಗದವೊಂದು ಇರಲಿಲ್ಲ.

ನನ್ನ ಕಥೆ ಮುಗಿದಾಗ ಗೈಡ್ ಪೆಟ್ರೋಲಿನ ಲೀಡರ್, ಒಂಬತ್ತನೆಯ ತರಗತಿಯ ಹುಡುಗಿ, ಎದ್ದು ನಿಂತು, "ಸರ್, ರಾತ್ರಿ ಶೌಚಕ್ಕೆ ಏನು ಮಾಡಿದಿರಿ?" ಎಂದು ಕೇಳಿದಳು. ಉಳಿದವರು ನಕ್ಕರು, ಅವಳು ನಗಲಿಲ್ಲ. ಐವತ್ತು ವರ್ಷಗಳಿಂದ ಹೇಳುತ್ತ ಬಂದ ಆ ಕಥೆಯಲ್ಲಿ ಈ ಪ್ರಶ್ನೆ ಒಮ್ಮೆಯೂ ಏಳಲಿಲ್ಲ, ಏಕೆಂದರೆ ಕಥೆಯಲ್ಲಿ ಇದ್ದವರೆಲ್ಲ ಹುಡುಗರು. ಅವಳ ಪ್ರಶ್ನೆಯಿಂದಲೇ ಒಂದು ಯೋಜನೆ ಹುಟ್ಟಿತು. ಕೆರೆಯೂ ಬೇಡ, ಕಾಡೂ ಬೇಡ. ಶಾಲೆಯ ಹಿಂದಿನ ಮೈದಾನ, ಸುತ್ತ ಕಾಂಪೌಂಡ್ ಗೋಡೆ, ಬೀಗ ತೆಗೆದಿಟ್ಟ ಶೌಚಾಲಯ, ಗೇಟಿನ ಹೊರಗೆ ಕಾವಲುಗಾರ ದಂಪತಿಗಳ ಮನೆ. ಒಳಗೆ ಎಂಟು ಹುಡುಗಿಯರು, ಎರಡು ಡೇರೆ, ಅವರದೇ ಒಲೆ. ಒಂದು ಫೋನು, ತುರ್ತಿಗೆ ಮಾತ್ರ. ಮುಖ್ಯೋಪಾಧ್ಯಾಯಿನಿಯವರು ಬಹಳ ಹೊತ್ತು ಯೋಚಿಸಿ, ಎಂಟೂ ಮನೆಗಳಿಂದ ಒಪ್ಪಿಗೆ ಪತ್ರ ಬಂದರೆ ಇಲಾಖೆಗೆ ಬರೆಯುತ್ತೇನೆಂದರು. ಹುಡುಗಿ ಅಲ್ಲೇ ಕುಳಿತು ಸಾಮಾನಿನ ಪಟ್ಟಿ ಮಾಡತೊಡಗಿದಳು. ಮೊದಲ ಸಾಲಿನಲ್ಲಿ ಬೆಂಕಿಪೊಟ್ಟಣ ಎಂದು ಬರೆದು, ನನ್ನ ಕಡೆ ನೋಡಿ, ಪಕ್ಕದಲ್ಲಿ ಎರಡು ಎಂದು ಸೇರಿಸಿದಳು.

ಈ ಲೇಖನವನ್ನು ಸಂಚಿಕೆಗೆ ಕಳಿಸುವ ಹೊತ್ತಿಗೆ ಏಳು ಪತ್ರಗಳು ಬಂದಿವೆ. ಎಂಟನೆಯ ಮನೆಯ ತಾಯಿ ನನಗೇ ಫೋನ್ ಮಾಡಿ, "ನೀವಾದರೂ ಅಲ್ಲಿ ಇರುತ್ತೀರಲ್ಲ, ಸರ್?" ಎಂದು ಕೇಳಿದರು. ಇರುವುದಿಲ್ಲ, ಮನೆಯಲ್ಲಿ ಎಚ್ಚರವಾಗಿರುತ್ತೇನೆ ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿರಲಿಲ್ಲ. ಆಮೇಲೆ, ಯಜಮಾನರನ್ನು ಕೇಳಿ ನಾಳೆ ಹೇಳುತ್ತೇನೆ ಎಂದರು.