ಡಾಡ್ ಮನೆಯ ನಾಲ್ವರು: ಈ ನವರಾತ್ರಿಯ ಹೊಸ ಗೊಂಬೆಗಳ ಕೆಲಸ ಎಲ್ಲಿಗೆ ಬಂತು

ಜುಲೈ ಮೊದಲ ವಾರ

ಪ್ರತಿ ವರ್ಷ ಗೊಂಬೆ ಹಬ್ಬಕ್ಕೆ ಒಂದು ಸಾಲನ್ನಾದರೂ ಕೈಯಾರೆ ಮಾಡಿ ಕೂರಿಸುತ್ತೇನೆ. ಈ ಸಲದ ಸಾಲು ಇಂಗ್ಲೆಂಡಿನ ಲಾಟಿ ಡಾಡ್‌ಗೆ ಮೀಸಲು. ಅವಳ ಅಕ್ಕ ಆ್ಯನಿ, ಅಣ್ಣಂದಿರಾದ ವಿಲ್ಲಿ ಮತ್ತು ಟೋನಿ ಕೂಡ ಜೊತೆಗಿರುತ್ತಾರೆ. ಮೈಸೂರಿನ ನಮ್ಮ ಮನೆಯಲ್ಲಿ ಈ ಹೆಸರುಗಳನ್ನು ಯಾರೂ ಕೇಳಿರಲಿಲ್ಲ. ಅದಕ್ಕಾಗಿಯೇ ಈ ಆಯ್ಕೆ.

ಲಾಟಿ ಹುಟ್ಟಿದ್ದು 1871ರ ಸೆಪ್ಟೆಂಬರ್ 24ರಂದು, ಚೆಷೈರ್‌ನ ಬೆಬಿಂಗ್ಟನ್‌ನಲ್ಲಿ. 15ನೇ ವಯಸ್ಸಿಗೆ ವಿಂಬಲ್ಡನ್ ಗೆದ್ದಳು. ಅಲ್ಲಿಂದ ಮುಂದೆ ಹಾಕಿಯಲ್ಲಿ ಇಂಗ್ಲೆಂಡ್ ತಂಡಕ್ಕೆ ಆಡಿದಳು, ಗಾಲ್ಫ್‌ನಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದಳು, ಬಿಲ್ಲುಗಾರಿಕೆಯಲ್ಲಿ ಒಲಿಂಪಿಕ್ ಬೆಳ್ಳಿ ಪಡೆದಳು. ಇದನ್ನೆಲ್ಲ ಓದಿದವರು ಅವಳನ್ನು ಆಕಾಶದಿಂದ ಇಳಿದ ಒಂಟಿ ಪವಾಡದಂತೆ ವರ್ಣಿಸುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಆ ಮನೆಯ ಅಂಗಳದಲ್ಲಿ ಎರಡು ಟೆನಿಸ್ ಅಂಕಣಗಳಿದ್ದವು. ಎದುರು ನಿಂತು ಆಡಲು ದೊಡ್ಡವರು ಮೂವರು ಇದ್ದರು. ತಂದೆ ಲಿವರ್‌ಪೂಲ್‌ನ ಹತ್ತಿ ವ್ಯಾಪಾರದಲ್ಲಿ ಗಳಿಸಿದ್ದ ಹಣ ಎಷ್ಟಿತ್ತೆಂದರೆ ನಾಲ್ವರಲ್ಲಿ ಯಾರೂ ಹೊಟ್ಟೆಪಾಡಿಗಾಗಿ ದುಡಿಯಬೇಕಾಗಲಿಲ್ಲ. ಹೆಣ್ಣುಮಕ್ಕಳಿಗೆ ಆಟದ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಈ ಹುಡುಗಿಗೆ ಅದು ಮನೆಯೊಳಗಿಂದಲೇ ತೆರೆದಿತ್ತು. ಹಾಗಾಗಿ ಒಂದು ಗೊಂಬೆ ಮಾಡಿದರೆ ಸಾಲದು, ನಾಲ್ಕೂ ಬೇಕು.

ಅಳತೆಯನ್ನು ಮೊದಲೇ ನಿಶ್ಚಯಿಸಿಕೊಂಡೆ. ಒಂದು ಅಡಿಗೆ ಒಂದು ಇಂಚು. ಅಂದರೆ ಗೊಂಬೆಗಳ ಎತ್ತರ ಐದೂವರೆ ಇಂಚಿನ ಆಸುಪಾಸು. ಒಳಗೆ ತಂತಿ, ಮೇಲೆ ಕಾಗದದ ತಿರುಳು, ಮುಖಕ್ಕೆ ಮಾತ್ರ ನುಣ್ಣಗೆ ಅರೆದ ಜೇಡಿಮಣ್ಣು.

ಜುಲೈ 20

ಮೊದಲು ಕೈಗೆತ್ತಿಕೊಂಡದ್ದು 15ರ ಲಾಟಿಯನ್ನು. ಆ ಗೊಂಬೆಯ ಜೀವ ಇರುವುದು ಲಂಗದ ಅಂಚಿನಲ್ಲಿ. 1887ರಲ್ಲಿ ದೊಡ್ಡ ಹೆಂಗಸರು ಟೆನಿಸ್ ಆಡುತ್ತಿದ್ದದ್ದು ನೆಲ ಮುಟ್ಟುವ ಲಂಗದಲ್ಲಿ, ಸೊಂಟವನ್ನು ಬಿಗಿದು ಕಟ್ಟುವ ಒಳಕವಚದಲ್ಲಿ. ಲಾಟಿ ಇನ್ನೂ ಶಾಲೆಗೆ ಹೋಗುವ ಹುಡುಗಿಯಾದ್ದರಿಂದ ಮೀನಖಂಡದವರೆಗೆ ಮಾತ್ರ ಬರುವ ಲಂಗವನ್ನು ಯಾರೂ ಆಕ್ಷೇಪಿಸಲಿಲ್ಲ. ತಲೆಗೆ ಕ್ರಿಕೆಟ್ ಟೋಪಿ. ಓಡಿ ಬಂದು ಬಲೆಯ ಬಳಿ ಚೆಂಡನ್ನು ಗಾಳಿಯಲ್ಲೇ ಹೊಡೆಯಲು, ತಲೆಯ ಮೇಲಿಂದ ಬಂದದ್ದನ್ನು ಜಪ್ಪಲು ಕಾಲುಗಳು ಬಿಡುವಾಗಿರಬೇಕಲ್ಲವೆ? ಸರ್ವ್ ಮಾತ್ರ ಸೊಂಟದ ಕೆಳಗಿನಿಂದಲೇ ಮಾಡುತ್ತಿದ್ದಳು.

ನಮ್ಮ ಗೊಂಬೆಗೆ ಆ ಲಂಗದ ಅಂಚು ಪಾದದಿಂದ ಮುಕ್ಕಾಲು ಇಂಚು ಮೇಲಿರಬೇಕು. ಅರ್ಧ ಇಂಚಿಗೆ ಇಳಿದರೆ ದೊಡ್ಡವಳಂತೆ ಕಾಣುತ್ತಾಳೆ, ಒಂದು ಇಂಚಿಗೆ ಏರಿದರೆ ಈ ಕಾಲದವಳಾಗುತ್ತಾಳೆ. ಹಳೆಯ ಬಿಳಿ ಮಲ್ ಬಟ್ಟೆಯನ್ನು ಮೂರು ಬಾರಿ ಕತ್ತರಿಸಿ, ನಾಲ್ಕನೆಯದಕ್ಕೆ ಸಮಾಧಾನವಾಯಿತು. ನೆರಿಗೆ ನಿಲ್ಲಲೆಂದು ಅಕ್ಕಿ ಗಂಜಿ ಹಾಕಿ ಒಣಗಲು ಬಿಟ್ಟೆ.

ಆ ವರ್ಷ ವಿಂಬಲ್ಡನ್‌ನ ಕೊನೆಯ ಪಂದ್ಯದಲ್ಲಿ ಲಾಟಿ ಸೋಲಿಸಿದ್ದು ಹಿಂದಿನ ವರ್ಷದ ಚಾಂಪಿಯನ್ ಬ್ಲಾಂಚ್ ಬಿಂಗ್ಲಿಯನ್ನು. 6-2, 6-0. ವಯಸ್ಸು 15 ವರ್ಷ 285 ದಿನ. ಮಹಿಳಾ ಸಿಂಗಲ್ಸ್ ಗೆದ್ದ ಅತಿ ಕಿರಿಯಳೆಂಬ ಆ ದಾಖಲೆ ಇಂದಿಗೂ ಉಳಿದಿದೆ. 1888, 1891, 1892, 1893ರಲ್ಲಿ ಮತ್ತೆ ಗೆದ್ದಾಗಲೂ ಅಂತಿಮ ಪಂದ್ಯದಲ್ಲಿ ಎದುರಿಗಿದ್ದವಳು ಇದೇ ಬ್ಲಾಂಚ್. ಮದುವೆಯಾಗಿ ಹಿಲ್ಯಾರ್ಡ್ ಎಂಬ ಹೆಸರು ಸೇರಿತ್ತು, ಅಷ್ಟೆ. 1893ರ ಕೊನೆಯ ಪಂದ್ಯದಲ್ಲಿ ಮಾತ್ರ ಒಂದು ಸೆಟ್ ಬಿಟ್ಟುಕೊಟ್ಟಳು. ಬಳಿಕ 21ರ ಹರೆಯದಲ್ಲೇ ವಿಂಬಲ್ಡನ್ ಅಂಕಣದಿಂದ ದೂರ ಸರಿದಳು.

ಆಗಸ್ಟ್ 3

ಲಂಗಕ್ಕೆ ಬೂಷ್ಟು ಹಿಡಿಯಿತು. ಆಷಾಢದ ತೇವ, ಒಂದು ವಾರ ಬಿಸಿಲೇ ಇಲ್ಲ. ಗಂಜಿ ಹಾಕಿದ ನೆರಿಗೆಗಳ ಒಳಗೆ ಹಸಿರು ಚುಕ್ಕೆಗಳೆದ್ದಿದ್ದವು. ಬೇಸರವಾಯಿತು, ಬಿಚ್ಚಿ ಎಸೆದೆ. ಹೊಸದಕ್ಕೆ ನೀರು ಬೆರೆಸಿದ ಫೆವಿಕಾಲ್ ಸವರಿ, ನೆರಿಗೆಗಳ ನಡುವೆ ಪೊರಕೆ ಕಡ್ಡಿಗಳನ್ನಿಟ್ಟು ಒಣಗಿಸಿದ್ದೇನೆ. ಈ ಬಾರಿ ನಿಂತಿದೆ.

ಆ್ಯನಿಯ ಗೊಂಬೆಯೂ ಇದೇ ವಾರ ಎದ್ದು ನಿಂತಿತು. ಅಕ್ಕನ ಬಗ್ಗೆ ನನಗೆ ವಿಶೇಷ ಅಕ್ಕರೆ. 1883ರಲ್ಲಿ ಮ್ಯಾಂಚೆಸ್ಟರ್‌ನ ಟೂರ್ನಿಯೊಂದಕ್ಕೆ 11 ವರ್ಷದ ಲಾಟಿ ಮೊದಲ ಬಾರಿ ಇಳಿದದ್ದು ಆ್ಯನಿಯ ಡಬಲ್ಸ್ ಜೊತೆಗಾತಿಯಾಗಿ. ಸೋತವರಿಗೆಂದು ನಡೆಸಿದ ಸಮಾಧಾನದ ಸುತ್ತನ್ನು ಅಕ್ಕತಂಗಿಯರು ಗೆದ್ದುಕೊಂಡು ಬಂದರು. ಆ್ಯನಿ ಟೆನಿಸ್ ಮಾತ್ರವಲ್ಲ, ಗಾಲ್ಫ್, ಸ್ಕೇಟಿಂಗ್, ಬಿಲಿಯರ್ಡ್ಸ್‌ಗಳಲ್ಲೂ ಪಳಗಿದವಳು. ನಾನು ಬಾಲ್ ಬ್ಯಾಡ್ಮಿಂಟನ್ ಕಲಿತದ್ದು ನನ್ನ ಅಕ್ಕ ತನ್ನ ತಂಡದಲ್ಲಿ ಒಬ್ಬರು ಕಡಿಮೆಯಾದಾಗ ನನ್ನನ್ನು ಎಳೆದುಕೊಂಡು ಹೋದದ್ದರಿಂದ. ಅಕ್ಕ ಕರೆಯದಿದ್ದರೆ ನಾನು ಆ ಅಂಕಣಕ್ಕೆ ಕಾಲಿಡುತ್ತಲೇ ಇರಲಿಲ್ಲ. ಆದ್ದರಿಂದ ಆ್ಯನಿಯ ಕೈ ತಂಗಿಯ ಬೆನ್ನಿನ ಮೇಲಿರುವಂತೆ ತಂತಿ ಬಗ್ಗಿಸಿದ್ದೇನೆ.

ಕೆಲಸದ ನಡುವೆ ಓದುತ್ತಾ ಹೋದಂತೆ ಆ ಕಾಲದ ಆಟವೇ ಒಡಹುಟ್ಟಿದವರದ್ದೆಂದು ತೋರುತ್ತಿದೆ. 1884ರಲ್ಲಿ ವಿಂಬಲ್ಡನ್‌ನ ಮೊಟ್ಟಮೊದಲ ಮಹಿಳಾ ಫೈನಲ್ ನಡೆದದ್ದು ಮಾಡ್ ವಾಟ್ಸನ್ ಮತ್ತು ಅವಳ ಅಕ್ಕ ಲಿಲಿಯನ್ ನಡುವೆ. ಬಹುಕಾಲ ಸೋಲೇ ಕಾಣದಿದ್ದ ಆ ಮಾಡ್‌ಳನ್ನು 1886ರಲ್ಲಿ ಬಾತ್ ನಗರದಲ್ಲಿ ಮಣಿಸಿದವಳು ನಮ್ಮ ಲಾಟಿ. ಪುರುಷರಲ್ಲಿ ರೆನ್ಷಾ ಅವಳಿಗಳು ಮೆರೆಯುತ್ತಿದ್ದರು. 1904ರಲ್ಲಿ ಸ್ಕಾಟ್ಲೆಂಡಿನ ಟ್ರೂನ್‌ನಲ್ಲಿ ಲಾಟಿ ಗಾಲ್ಫ್ ಚಾಂಪಿಯನ್ ಆದಾಗ ಒಂದೇ ಒಂದು ಕುಳಿಯ ಅಂತರದಲ್ಲಿ ಸೋತ ಐರ್ಲೆಂಡಿನ ಮೇ ಹೆಜ್ಲೆಟ್‌ಗೂ ಗಾಲ್ಫ್ ಆಡುವ ತಂಗಿಯರಿದ್ದರು. 1907ರ ಅದೇ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ಮೇ ಗೆದ್ದದ್ದು ತನ್ನ ತಂಗಿ ಫ್ಲಾರೆನ್ಸ್ ವಿರುದ್ಧ. ಮನೆಯಂಗಳದಲ್ಲಿ ಜೊತೆಗಾರರು ಇದ್ದವಳು ಹೊರಗೆ ಬಂದು ಗೆದ್ದಳು. ಇಲ್ಲದವರ ಹೆಸರು ನಮ್ಮವರೆಗೆ ತಲುಪಲೇ ಇಲ್ಲ.

ಆಗಸ್ಟ್ 24

ಎರಡನೆಯ ಲಾಟಿ ಸಿದ್ಧವಾಗಿದ್ದಾಳೆ. ಇವಳಿಗೆ 36. ಉದ್ದ ಲಂಗ, ಅಗಲ ಅಂಚಿನ ಟೋಪಿ, ಕೈಯಲ್ಲಿ ಬಿಲ್ಲು. ಬಿಲ್ಲಿಗೆ ಬಿದಿರಿನ ಸೀಳನ್ನು ದೀಪದ ಶಾಖಕ್ಕೆ ಹಿಡಿದು ಬಗ್ಗಿಸಿದೆ. ಹೆದೆಗೆ ರೇಷ್ಮೆ ದಾರ. ಎಳೆದು ಹಿಡಿದ ಕೈ ಒಣಗುವಾಗ ಮೊಣಕೈ ಬಳಿ ಬಿರುಕು ಬಿಟ್ಟಿತು. ತಿರುಳು ದಪ್ಪವಾಗಿತ್ತು. ಕೆರೆದು, ತೆಳ್ಳಗೆ ಎರಡು ಪದರ ಹಚ್ಚಿ, ಉಪ್ಪುಕಾಗದದಿಂದ ಉಜ್ಜಿದ ಮೇಲೆ ಸರಿಹೋಯಿತು.

ತಾಯಿ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಲಾಟಿ, ವಿಲ್ಲಿ, ಟೋನಿ ಬೆಬಿಂಗ್ಟನ್‌ನ ಮನೆಯನ್ನು ಬಿಟ್ಟು ಬರ್ಕ್‌ಷೈರ್‌ನ ನ್ಯೂಬರಿಗೆ ಬಂದರು. ಅಲ್ಲಿ ವೆಲ್‌ಫರ್ಡ್ ಪಾರ್ಕ್‌ನ ಬಿಲ್ಲುಗಾರರ ಕೂಟ ಸೇರಿದರು. 1908ರ ಜುಲೈನಲ್ಲಿ ಲಂಡನ್‌ನ ವೈಟ್ ಸಿಟಿಯಲ್ಲಿ ಒಲಿಂಪಿಕ್ ಸ್ಪರ್ಧೆ. ಮಹಿಳೆಯರ ವಿಭಾಗದಲ್ಲಿ ಇದ್ದ 25 ಮಂದಿಯೂ ಬ್ರಿಟನ್ನಿನವರೇ. ಎರಡು ದಿನಗಳಲ್ಲಿ ಒಟ್ಟು 144 ಬಾಣ. ಮೊದಲ ದಿನದ ಕೊನೆಗೆ ಲಾಟಿಯೇ ಮುಂದಿದ್ದಳು. ಎರಡನೆಯ ದಿನ 53 ವರ್ಷದ ಕ್ವೀನಿ ನ್ಯೂವಲ್ ಹಿಂದಿಕ್ಕಿ 688 ಅಂಕದೊಂದಿಗೆ ಚಿನ್ನ ಗೆದ್ದಳು. ಲಾಟಿಗೆ 642, ಬೆಳ್ಳಿ.

ಗಂಡಸರಲ್ಲಿ ವಿಲ್ಲಿ 815 ಅಂಕ ಗಳಿಸಿ ಚಿನ್ನ ಗೆದ್ದ. ಸ್ಪರ್ಧೆ ಮುಗಿದ ಜುಲೈ 18 ಅವನ 41ನೇ ಹುಟ್ಟುಹಬ್ಬ. ಒಂದೇ ಮನೆಗೆ, ಒಂದೇ ಮೈದಾನದಿಂದ, ಅಣ್ಣನ ಚಿನ್ನ ಮತ್ತು ತಂಗಿಯ ಬೆಳ್ಳಿ. ಈ ಸಾಲನ್ನು ಓದಿದ ದಿನವೇ ಗೊಂಬೆಗಳನ್ನು ಮಾಡಬೇಕೆಂದು ನನಗೆ ಹೊಳೆದದ್ದು.

ಗುರಿಫಲಕಕ್ಕೆ ತೆಂಗಿನ ನಾರಿನ ಹುರಿಯನ್ನು ಸುರುಳಿ ಸುತ್ತಿ ಅಂಟಿಸಿ, ಮೇಲೆ ಬಟ್ಟೆ ಹೊದಿಸಿ ಬಣ್ಣ ಹಚ್ಚಿದೆ. ನಡುವೆ ಚಿನ್ನದ ಬಣ್ಣ, ಆಮೇಲೆ ಕೆಂಪು, ನೀಲಿ, ಕಪ್ಪು, ಹೊರಗೆ ಬಿಳಿ. ಒಳಗಿನಿಂದ ಹೊರಕ್ಕೆ 9, 7, 5, 3, 1 ಅಂಕ. ನಿಜವಾದ ಫಲಕದ ಅಡ್ಡಳತೆ ನಾಲ್ಕು ಅಡಿ, ನನ್ನದು ನಾಲ್ಕು ಇಂಚು. ಅಂಗೈಯಲ್ಲಿ ಹಿಡಿಯುತ್ತದೆ.

ಸೆಪ್ಟೆಂಬರ್ 9

ಏನನ್ನು ಬಿಡಬೇಕೆಂಬುದೇ ಈಗ ಕಷ್ಟ. 1900ರಲ್ಲಿ ಐರ್ಲೆಂಡ್ ವಿರುದ್ಧ ಇಂಗ್ಲೆಂಡ್ 2-1ರಿಂದ ಗೆದ್ದಾಗ ಎರಡೂ ಗೋಲು ಹೊಡೆದ ಹಾಕಿ ಆಟಗಾರ್ತಿ ಲಾಟಿ ಇದ್ದಾಳೆ. ಸ್ವಿಟ್ಜರ್ಲೆಂಡಿನ ಸೇಂಟ್ ಮೋರಿಟ್ಸ್‌ನಲ್ಲಿ ಗಂಡಸರಿಗೆಂದು ಇಟ್ಟಿದ್ದ ಸ್ಕೇಟಿಂಗ್ ಪರೀಕ್ಷೆಯನ್ನೇ ಪಾಸು ಮಾಡಿದ ಲಾಟಿ ಇದ್ದಾಳೆ. ಮೊದಲ ಮಹಾಯುದ್ಧದಲ್ಲಿ ರೆಡ್‌ಕ್ರಾಸ್ ದಾದಿಯಾಗಿ ದುಡಿದವಳೂ ಅವಳೇ. ಎಲ್ಲರಿಗೂ ಗೊಂಬೆ ಮಾಡಲು ಒಂದು ಮಳೆಗಾಲ ಸಾಲದು. ಹಾಕಿ ಕೋಲು, ಗಾಲ್ಫ್ ಕೋಲು, ಸ್ಕೇಟ್ ಇವಿಷ್ಟನ್ನು ಮಾತ್ರ ಮಾಡಿ ಗೋಡೆಗೆ ಒರಗಿಸಿಡುತ್ತೇನೆ, ಆಟ ಮುಗಿಸಿ ಬಂದವರ ಮನೆಯ ಪಡಸಾಲೆಯಲ್ಲಿ ಇರುವಂತೆ.

ಅತ್ತೆ ನಿನ್ನೆ ಪಕ್ಕದಲ್ಲಿ ಕುಳಿತು ನೋಡಿದರು. "ಇವಳಿಗೆ ಮದುವೆಯಾಗಲಿಲ್ಲವೇನಮ್ಮಾ?" ಎಂದು ಕೇಳಿದರು.

"ಇಲ್ಲ ಅತ್ತೆ. ಈ ಅಣ್ಣನೂ ಆಗಲಿಲ್ಲ. ಬದುಕಿನ ಬಹುಪಾಲು ಜೊತೆಯಲ್ಲೇ ಇದ್ದರು."

ಅತ್ತೆ ವಿಲ್ಲಿಯನ್ನು ಎತ್ತಿ ಲಾಟಿಯ ಹತ್ತಿರಕ್ಕೆ ಸರಿಸಿದರು. "ಹಾಗಾದರೆ ಹೀಗಿರಲಿ. ಪಟ್ಟದ ಗೊಂಬೆಗಳಿಗೆ ಮಾತ್ರ ಮೇಲಿನ ಮೆಟ್ಟಿಲು ಬಿಟ್ಟುಬಿಡು" ಎಂದರು.

ನವರಾತ್ರಿಗೆ ಹನ್ನೆರಡು ದಿನ

ನಾಲ್ವರೂ ಐದನೆಯ ಮೆಟ್ಟಿಲಿನ ಮೇಲೆ ನಿಂತಿದ್ದಾರೆ. ಎರಡು ಲಾಟಿಯರು ಬೇರೆ ಬೇರೆ ತುದಿಯಲ್ಲಿ. ಫಲಕಗಳನ್ನು ಅದೇ ಮೆಟ್ಟಿಲಿನ ಕೊನೆಯಲ್ಲಿ ಇಡುವುದೆಂದುಕೊಂಡಿದ್ದೆ. ನೋಡಿದರೆ ಬಾಣ ಬಿಡುವ ಮೊದಲೇ ತಾಗುವಷ್ಟು ಹತ್ತಿರ. ಇಷ್ಟು ಅಳತೆ ಪಾಲಿಸಿ ಇಲ್ಲಿ ಮಾತ್ರ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಲೆಕ್ಕ ಹಾಕಿದೆ. ಹೆಂಗಸರ ದೂರದ ಗುರಿ 60 ಗಜ, ಅಂದರೆ ನಮ್ಮ ಅಳತೆಯಲ್ಲಿ 15 ಅಡಿ. ಗಂಡಸರದ್ದು 100 ಗಜ, 25 ಅಡಿ. ನಮ್ಮ ನಡುಮನೆಯ ಉದ್ದವೇ 14 ಅಡಿ.

ಅಳತೆಪಟ್ಟಿಯ ಒಂದು ತುದಿಯನ್ನು ಅತ್ತೆ ಮೆಟ್ಟಿಲ ಬಳಿ ಹಿಡಿದರು, ಇನ್ನೊಂದು ತುದಿ ಹಿಡಿದು ನಾನು ಬಾಗಿಲ ಕಡೆಗೆ ನಡೆದೆ. ಲಾಟಿಯ ಗುರಿ ಹೊಸ್ತಿಲು ದಾಟಿ ಒಂದು ಅಡಿ ಆಚೆಗೆ ಬಂತು. ವಿಲ್ಲಿಯದು ಜಗುಲಿಯನ್ನೂ ಮೀರಿ ತುಳಸಿಕಟ್ಟೆಯ ಹತ್ತಿರ. ಅಲ್ಲಿಂದ ತಿರುಗಿ ನೋಡಿದರೆ ಬಿಲ್ಲು ಹಿಡಿದ ಅಣ್ಣತಂಗಿ ಎರಡು ಬೆರಳಿನಷ್ಟೂ ಕಾಣುವುದಿಲ್ಲ. ಆ ದೂರಕ್ಕೆ ಅಂಗೈಯಗಲದ ಫಲಕ!

ಫಲಕಗಳು ಅಲ್ಲೇ ಇರುತ್ತವೆ. ಗೊಂಬೆ ನೋಡಲು ಬರುವವರು ಮೊದಲು ಅವನ್ನು ದಾಟಿಕೊಂಡೇ ಒಳಗೆ ಬರಲಿ. ಮಳೆ ಬಂದರೆ ಎಂದು ವಿಲ್ಲಿಯ ಫಲಕಕ್ಕೆ ಎರಡು ಸುತ್ತು ವಾರ್ನಿಷ್ ಹಚ್ಚಿದ್ದೇನೆ.

ಉಳಿದಿರುವುದು ಟೋನಿಯ ಚದುರಂಗದ ಹಾಸು. ಅವನು ಟೆನಿಸ್, ಬಿಲ್ಲುಗಾರಿಕೆಗಳ ಜೊತೆಗೆ ಚದುರಂಗದಲ್ಲೂ ಒಳ್ಳೆಯ ಕೈ. ಒಂದೂವರೆ ಇಂಚಿನ ಚೌಕದಲ್ಲಿ 64 ಮನೆ. ನಾಳೆ ಬೆಳಕು ಚೆನ್ನಾಗಿರುವಾಗ, ಒಂದೇ ಕೂದಲಿನ ಕುಂಚ ಹಿಡಿದು ಕೂರುತ್ತೇನೆ.