ಮಲಗುವ ಮುಂಚೆ ರಾಗಿ ಸರಿ: ಮಗುವಿನ ಹೊಟ್ಟೆಯ ಲೆಕ್ಕ, ನಿದ್ದೆಯ ಲೆಕ್ಕ

ಮೂರು ತಿಂಗಳ ಕೂಸು ರಾತ್ರಿ ಎರಡೆರಡು ಗಂಟೆಗೆ ಎದ್ದು ಅಳುತ್ತಿದ್ದರೆ ಬಾಣಂತನದ ಮನೆಯಲ್ಲಿ ಮೊದಲು ಬರುವ ಮಾತು ಇದು: “ಹಾಲು ಸಾಲ್ತಿಲ್ಲ ಕಣೇ. ಮಲಗಿಸೋ ಮುಂಚೆ ಒಂದು ಒಳಲೆ ಸರಿ ಹಾಕು, ಬೆಳಗಿನ ತನಕ ಏಳಲ್ಲ.” ಒಳಲೆ ಎಂದರೆ ಕೂಸಿಗೆ ಕುಡಿಸುವ, ಮೂತಿಯಿರುವ ಪುಟ್ಟ ಪಾತ್ರೆ; ಸರಿ ಎಂದರೆ ರಾಗಿ ಹಿಟ್ಟಿನ ಗಂಜಿ. ಕರಾವಳಿ, ಮಲೆನಾಡಿನ ಕಡೆ ಇದೇ ಮಾತು ಮಣ್ಣಿಯ ಹೆಸರಲ್ಲಿ ಬರುತ್ತದೆ. ಅಮೆರಿಕದಲ್ಲಿರುವ ನಮ್ಮವರಿಗೆ ಅಲ್ಲಿನ ನೆರೆಹೊರೆಯವರು ಬಾಟಲಿ ಹಾಲಿಗೆ ಅಕ್ಕಿಯ ಸೀರಿಯಲ್ (ಶಿಶುಗಳಿಗೆಂದು ಮಾರುವ ಸಿದ್ಧ ಹಿಟ್ಟು) ಬೆರೆಸಿ ಕೊಡಿ ಎನ್ನುತ್ತಾರೆ. ಹೇಳುವವರಿಗೆ ಮಗುವಿನ ಮೇಲೂ ತಾಯಿಯ ಮೇಲೂ ಅಕ್ಕರೆಯಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಡುಗೆಮನೆಯ ಚಮಚ ಹಿಡಿದು ಒಮ್ಮೆ ಲೆಕ್ಕ ಹಾಕಿದರೆ ಸಾಕು, ಈ ಸಲಹೆ ನಿಲ್ಲುವುದಿಲ್ಲ.

ಎಳೆ ಮಗುವಿಗೆಂದು ಸಾಮಾನ್ಯವಾಗಿ ಮಾಡುವ ಸರಿ ನೀರಾಗಿರುತ್ತದೆ. ಒಂದು ದೊಡ್ಡ ಲೋಟ ನೀರಿಗೆ, ಅಂದರೆ ಸುಮಾರು 200 ಮಿಲಿಗೆ, ಎರಡು ಟೀ ಚಮಚ ಹಿಟ್ಟು. ಮಟ್ಟಸವಾಗಿ ತುಂಬಿದ ಎರಡು ಟೀ ಚಮಚ ಎಂದರೆ ಹೆಚ್ಚುಕಡಿಮೆ 6 ಗ್ರಾಂ ರಾಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೋಕ್ಯಾಲೊರಿ ಇದೆ. 6 ಗ್ರಾಂನಲ್ಲಿ 19. ಕುದ್ದು 150 ಮಿಲಿಗೆ ಇಳಿದ ಮೇಲೂ ಆ ಸರಿಯ 100 ಮಿಲಿಯಲ್ಲಿ ಸಿಗುವುದು 13 ಕಿಲೋಕ್ಯಾಲೊರಿ ಮಾತ್ರ. ಅಷ್ಟೇ ಎದೆಹಾಲಿನಲ್ಲಿ ಸುಮಾರು 65 ಇರುತ್ತದೆ. ಹಾಲಿಗಿಂತ ಗಟ್ಟಿ ಎಂದು ನಂಬಿ ಕೊಡುವ ಆ ಸರಿ ಹಾಲಿನ ಐದನೇ ಒಂದು ಪಾಲು ಶಕ್ತಿಯನ್ನೂ ಕೊಡುವುದು ಕಷ್ಟ. ಅಂಗೈಯಗಲದ ಹೊಟ್ಟೆಯಲ್ಲಿ ಸರಿ ತುಂಬಿದರೆ ಹಾಲಿಗೆ ಜಾಗವಿಲ್ಲ. ಹಾಲಿನ ಕೊಬ್ಬು, ಪ್ರೋಟೀನು, ರೋಗನಿರೋಧಕ ಅಂಶ ಎಲ್ಲವೂ ಅಷ್ಟರ ಮಟ್ಟಿಗೆ ತಪ್ಪಿಹೋಗುತ್ತವೆ.

ಹಾಗಾದರೆ “ನಮ್ಮ ಮಗು ಸರಿ ಕೊಟ್ಟ ಮೇಲೆ ಮಲಗಿತಲ್ಲ” ಎನ್ನುವ ಅನುಭವ ಸುಳ್ಳೇ? ಸುಳ್ಳಲ್ಲ, ಆದರೆ ಕಾರಣ ಬೇರೆ. ಹುಟ್ಟಿದ ಕೂಸಿಗೆ ಹಗಲು ರಾತ್ರಿಯ ಗೊತ್ತಿರುವುದಿಲ್ಲ. ಎರಡರಿಂದ ನಾಲ್ಕು ತಿಂಗಳೊಳಗೆ ದೇಹದ ಒಳಗಡಿಯಾರ ಹದಕ್ಕೆ ಬರುತ್ತದೆ, ರಾತ್ರಿಯ ನಿದ್ದೆ ತಾನಾಗಿಯೇ ಉದ್ದವಾಗುತ್ತದೆ. ಸರಿ ಶುರು ಮಾಡುವುದೂ ಸರಿಯಾಗಿ ಅದೇ ಹೊತ್ತಿಗೆ. ಹೆಸರು ರಾಗಿಗೆ ಬರುತ್ತದೆ.

ಇದನ್ನು ಪರೀಕ್ಷೆಗೆ ಒಡ್ಡಿಯೂ ನೋಡಿದ್ದಾರೆ. 1989ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 106 ಶಿಶುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಐದನೇ ವಾರದಿಂದ, ಇನ್ನೊಂದಕ್ಕೆ ನಾಲ್ಕನೇ ತಿಂಗಳಿಂದ ಮಲಗುವ ಮುಂಚೆ ಬಾಟಲಿಯಲ್ಲಿ ಸೀರಿಯಲ್ ಕೊಡಲಾಯಿತು. ರಾತ್ರಿಯಿಡೀ ಮಲಗುವುದರಲ್ಲಿ ಎರಡು ಗುಂಪಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ಎದುರು ನಿಲ್ಲುವ ಫಲಿತಾಂಶವೂ ಒಂದಿದೆ, ಅದನ್ನು ಮುಚ್ಚಿಡಬಾರದು. 2018ರಲ್ಲಿ ಪ್ರಕಟವಾದ, ಬ್ರಿಟನ್ನಿನ 1303 ಮಕ್ಕಳ ಮೇಲಿನ ಅಧ್ಯಯನದಲ್ಲಿ ಮೂರು ತಿಂಗಳಿಂದಲೇ ಎದೆಹಾಲಿನ ಜೊತೆ ಆಹಾರ ಪಡೆದ ಮಕ್ಕಳು ಹೆಚ್ಚು ಮಲಗಿದರು. ಎಷ್ಟು ಹೆಚ್ಚು? ವ್ಯತ್ಯಾಸ ಅತಿ ಹೆಚ್ಚಿದ್ದ ಆರನೇ ತಿಂಗಳಲ್ಲಿ ರಾತ್ರಿಗೆ ಸುಮಾರು 17 ನಿಮಿಷ. ರಾತ್ರಿ ಏಳುವುದು ಸರಾಸರಿ 2ರಿಂದ 1.7ಕ್ಕೆ ಇಳಿಯಿತು, ಅದೂ ತಂದೆತಾಯಿ ಬರೆದುಕೊಟ್ಟ ಲೆಕ್ಕದಲ್ಲಿ. “ಬೆಳಗಿನ ತನಕ ಏಳಲ್ಲ” ಎಂಬ ಭರವಸೆಗೂ ಹದಿನೇಳು ನಿಮಿಷಕ್ಕೂ ಬಹಳ ದೂರ.

ಆ ಹದಿನೇಳು ನಿಮಿಷಕ್ಕೆ ನಮ್ಮ ಮನೆಗಳಲ್ಲಿ ತೆರಬೇಕಾದ ಬೆಲೆ ಏನು ನೋಡೋಣ. ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ರಾತ್ರಿ ಹೊತ್ತು ಹೆಚ್ಚು. ಮೊದಲ ತಿಂಗಳುಗಳಲ್ಲಿ ರಾತ್ರಿ ಕುಡಿಸುವುದು ತಪ್ಪಿಸಿದರೆ ಎದೆ ಬಿಗಿದು, ವಾರ ಎರಡು ವಾರದಲ್ಲಿ ಹಾಲೇ ಕಡಿಮೆಯಾಗುತ್ತದೆ. “ಹಾಲು ಸಾಲ್ತಿಲ್ಲ” ಎಂದು ಮೊದಲು ಆಡಿದ ಮಾತು ಆಮೇಲೆ ನಿಜವಾಗುತ್ತದೆ. ಹಾಲು ಸಾಕಾಗುತ್ತಿದೆಯೇ ಎಂದು ತಿಳಿಯಲು ಅಳುವನ್ನು ಅಳೆಯಬೇಡಿ. ದಿನಕ್ಕೆ ಆರು ಅಥವಾ ಹೆಚ್ಚು ಸಲ ಮೂತ್ರ ಮಾಡುತ್ತಿದೆಯೇ, ತೂಕ ಏರುತ್ತಿದೆಯೇ ನೋಡಿ. ಎರಡೂ ಸರಿಯಿದ್ದರೆ ಹಾಲು ಸಾಕು.

ಕೊಡುವ ರೀತಿಯೂ ಚಿಂತೆಯ ವಿಷಯ. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಒಳಲೆಯ ಮೂತಿಯನ್ನು ಬಾಯಿಯ ಪಕ್ಕಕ್ಕಿಟ್ಟು ಸುರಿಯುವುದು ಹಳೆಯ ಕ್ರಮ. ಮಗು ಅಳಲು ಬಾಯಿ ತೆರೆದಾಗ ಸರಿ ಒಳಗೆ ಹೋಗುತ್ತದೆ. ಅಳುವಾಗ ಮಗು ಉಸಿರನ್ನೂ ಜೋರಾಗಿ ಎಳೆದುಕೊಳ್ಳುತ್ತದೆ. ಗಂಟಲಲ್ಲಿರುವ ಸರಿ ಶ್ವಾಸನಾಳಕ್ಕೆ ಇಳಿದರೆ ಉಸಿರು ಕಟ್ಟಬಹುದು, ನ್ಯುಮೋನಿಯಾಕ್ಕೂ ತಿರುಗಬಹುದು. ನಾಲಿಗೆ ತುದಿಗೆ ಇಟ್ಟದ್ದನ್ನು ಹೊರಕ್ಕೆ ತಳ್ಳುವ ಸಹಜ ಪ್ರತಿಕ್ರಿಯೆ ನಾಲ್ಕರಿಂದ ಆರು ತಿಂಗಳ ನಡುವೆ ಮರೆಯಾಗುತ್ತದೆ. ಅದಿರುವ ತನಕ ಮಗು “ಬೇಡ” ಎನ್ನುತ್ತಿದೆ ಎಂದೇ ತಿಳಿಯಿರಿ. ಬಾಟಲಿಗೆ ಹಿಟ್ಟು ಬೆರೆಸಿ ನಿಪ್ಪಲ್ಲಿನ ತೂತನ್ನು ಕತ್ತರಿಯಿಂದ ದೊಡ್ಡದು ಮಾಡುವುದಂತೂ ಇನ್ನೂ ಕೆಟ್ಟದ್ದು. ಹಿಟ್ಟು ಒಮ್ಮೆ ಕಟ್ಟಿಕೊಂಡು ಮತ್ತೊಮ್ಮೆ ಧಾರೆಯಾಗಿ ಬರುತ್ತದೆ. ಹೊಟ್ಟೆಯಿಂದ ಹಾಲು ಮೇಲೆ ಬರುವ ಕೆಲವು ಮಕ್ಕಳಿಗೆ ವೈದ್ಯರೇ ಹಾಲನ್ನು ಗಟ್ಟಿ ಮಾಡಲು ಹೇಳುವುದುಂಟು; ಅಳತೆಯೂ ಅವರದ್ದೇ ಆಗಿರಬೇಕು. ವಿದೇಶದಲ್ಲಿರುವವರು ಆರು ತಿಂಗಳ ಮೇಲೂ ಅಕ್ಕಿ ಸೀರಿಯಲ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಭತ್ತ ನೀರಿನಿಂದ ಆರ್ಸೆನಿಕ್ ಎಂಬ ವಿಷವಸ್ತುವನ್ನು ಹೀರಿಕೊಳ್ಳುವ ಬೆಳೆ, ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಶಿಶುಗಳ ಅಕ್ಕಿ ಸೀರಿಯಲ್‌ಗೆ ಅಜೈವಿಕ ಆರ್ಸೆನಿಕ್‌ನ ಮಿತಿಯನ್ನು ಶತಕೋಟಿಗೆ 100 ಭಾಗ ಎಂದು ನಿಗದಿ ಮಾಡಿದೆ. ಓಟ್ಸ್, ರಾಗಿ ಬದಲಾಯಿಸುತ್ತಾ ಕೊಡಿ.

ಆರು ತಿಂಗಳು ತುಂಬಿದ ಮೇಲೆ ಮಾತು ಬೇರೆ. ಆಗ ಸರಿ ಬೇಕೇ ಬೇಕು, ಮತ್ತು ಚೆನ್ನಾಗಿ ಮಾಡಬೇಕು. ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಿನ ಜೊತೆಗೆ ದಿನಕ್ಕೆ ಸುಮಾರು 200 ಕಿಲೋಕ್ಯಾಲೊರಿ ಮೇಲಾಹಾರದಿಂದ ಸಿಗಬೇಕು, ಒಂಬತ್ತರಿಂದ ಹನ್ನೊಂದು ತಿಂಗಳಿಗೆ 300. ನೀರು ಸರಿಯಿಂದ ಇದು ಆಗುವ ಮಾತಲ್ಲ. ಹಿಟ್ಟು ಹೆಚ್ಚಿಸಿದರೆ ಮುದ್ದೆಯ ಹದಕ್ಕೆ ಬಂದು ಮಗು ನುಂಗುವುದಿಲ್ಲ. ಈ ಗಂಟನ್ನು ಬಿಡಿಸುವುದು ಮೊಳಕೆ. ರಾಗಿ ಮೊಳೆತಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಕತ್ತರಿಸುತ್ತದೆ; ಹಿಟ್ಟು ಹೆಚ್ಚಿದ್ದರೂ ಸರಿ ಸಡಿಲವಾಗಿ ಉಳಿಯುತ್ತದೆ. ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕೂಡ ಕಡಿಮೆಯಾಗುತ್ತದೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಮೊಳಕೆ ರಾಗಿಯ ಶಿಶು ಆಹಾರದ ಬಗ್ಗೆ ದಶಕಗಳ ಹಿಂದೆಯೇ ಕೆಲಸ ನಡೆದಿದೆ.

ರಾಗಿಯನ್ನು ಕಲ್ಲು ಆರಿಸಿ, ನಾಲ್ಕೈದು ನೀರಿನಲ್ಲಿ ತೊಳೆದು, ರಾತ್ರಿಯಿಡೀ ನೆನೆಸಿ. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ, ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಿ. ಒಂದೂವರೆ ದಿನದ ಹೊತ್ತಿಗೆ ಬಿಳಿ ಮೊಳಕೆ ಕಾಣುತ್ತದೆ. ಮಳೆಗಾಲದಲ್ಲಿ ಗಂಟು ಜಿಗುಟಾದರೆ, ಹುಳಿ ಅಥವಾ ಮುಗ್ಗಲು ವಾಸನೆ ಬಂದರೆ ಅಷ್ಟನ್ನೂ ಚೆಲ್ಲಿ, ಹುರಿದರೆ ಸರಿಹೋಗುವುದಿಲ್ಲ. ಚೆನ್ನಾಗಿ ಮೊಳೆತದ್ದನ್ನು ಗಾಳಿಯಾಡುವ ಕಡೆ ತೆಳುವಾಗಿ ಹರಡಿ, ಬಾಯಲ್ಲಿ ಕಚ್ಚಿದರೆ ಟಕ್ಕೆನ್ನುವಷ್ಟು ಒಣಗಿಸಿ. ಹುರಿಯುವಾಗಲೇ ಹೆಚ್ಚಿನವರು ಎಡವುವುದು. ಘಮ್ಮೆನ್ನುವ ತನಕ, ಬಣ್ಣ ತಿರುಗುವ ತನಕ ಹುರಿದರೆ ಅಮೈಲೇಸ್ ಸತ್ತುಹೋಗುತ್ತದೆ, ಮೊಳಕೆ ಕಟ್ಟಿದ ಶ್ರಮ ವ್ಯರ್ಥ. ಸಣ್ಣ ಉರಿಯಲ್ಲಿ ಹಸಿ ತೇವ ಹೋಗುವಷ್ಟು ಬೆಚ್ಚಗಾದರೆ ಸಾಕು. ಬೀಸಿ, ತೆಳು ಬಟ್ಟೆಯಲ್ಲಿ ಜಾಲಿಸಿ ಸಿಪ್ಪೆ ತೆಗೆಯಿರಿ. ಬಾದಾಮಿ, ಗೋಡಂಬಿ, ಹೆಸರುಬೇಳೆ ಎಲ್ಲವನ್ನೂ ಮೊದಲ ಡಬ್ಬಿಗೇ ಬೆರೆಸಬೇಡಿ. ಮೈಮೇಲೆ ದದ್ದು ಎದ್ದರೆ ಯಾವುದರಿಂದ ಎಂದು ತಿಳಿಯುವ ದಾರಿ ಇರುವುದಿಲ್ಲ. ಮೂರು ದಿನ ಬರಿ ರಾಗಿ, ಆಮೇಲೆ ಒಂದೊಂದಾಗಿ.

ಮೊದಲ ದಿನಗಳಲ್ಲಿ ಎರಡು ಮೂರು ಚಮಚ ಸರಿ ಸಾಕು. ಏಳು ತಿಂಗಳ ಹೊತ್ತಿಗೆ ಈ ಅಳತೆ ಸರಿಹೋಗುತ್ತದೆ: ಮೊಳಕೆ ರಾಗಿ ಹಿಟ್ಟು ಮೂರು ಟೇಬಲ್ ಚಮಚ (27 ಗ್ರಾಂ), ನೀರು 200 ಮಿಲಿ, ತುಪ್ಪ ಒಂದು ಟೀ ಚಮಚ. ಹಿಟ್ಟನ್ನು ತಣ್ಣೀರಿನಲ್ಲೇ ಕದಡಿ. ಕುದಿಯುವ ನೀರಿಗೆ ಹಾಕಿದರೆ ಗಂಟು ಕಟ್ಟುತ್ತದೆ. ಸಣ್ಣ ಉರಿಯಲ್ಲಿ ತಿರುವುತ್ತಾ ನಿಧಾನ ಬಿಸಿ ಮಾಡಿ, ಕಿಣ್ವ ಕೆಲಸ ಮಾಡುವುದು ಕುದಿಯುವ ಮುಂಚೆ. ಆಮೇಲೆ ಐದಾರು ನಿಮಿಷ ಕುದಿಸಿ. ಇಳಿಸಿದಾಗ ಸುಮಾರು 150 ಗ್ರಾಂ ಆಗುತ್ತದೆ, ಅದರಲ್ಲಿ 125 ಕಿಲೋಕ್ಯಾಲೊರಿಯಷ್ಟು ಶಕ್ತಿ. ಚಮಚ ಓರೆ ಮಾಡಿದರೆ ಸರಿ ಕೂಡಲೇ ಸುರಿಯಬಾರದು, ನಿಧಾನಕ್ಕೆ ಜಾರಬೇಕು. ಒಂದು ವರ್ಷದ ತನಕ ಉಪ್ಪು, ಸಕ್ಕರೆ, ಬೆಲ್ಲ ಬೇಡ. ಜೇನು ಖಂಡಿತ ಬೇಡ, ಬಾಟುಲಿಸಂ ಎಂಬ ವಿಷಬಾಧೆಯ ಅಪಾಯವಿದೆ. ಈ ಅಳತೆಯನ್ನು ಒಂದೇ ಸಲಕ್ಕೆ ತಿನ್ನಿಸಲೇಬೇಕು ಅಂತಿಲ್ಲ, ಮಗು ಮುಖ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಿ.

ಹೊತ್ತಿನ ವಿಷಯ. ಹೊಸ ಆಹಾರವನ್ನು ಬೆಳಿಗ್ಗೆಯೇ ಶುರು ಮಾಡಿ. ವಾಂತಿ, ದದ್ದು ಬಂದರೆ ಹಗಲಲ್ಲಿ ಕಾಣುತ್ತದೆ, ಆಸ್ಪತ್ರೆಯೂ ತೆರೆದಿರುತ್ತದೆ. ಒಗ್ಗಿದ ಮೇಲೆ ಸಂಜೆಯ ಸರಿಯನ್ನು ಆರೂವರೆ, ಏಳಕ್ಕೆ, ಮಗುವನ್ನು ನೆಟ್ಟಗೆ ಕೂರಿಸಿ ಚಮಚದಲ್ಲಿ ಕೊಡಿ. ಎಂಟರ ಸುಮಾರಿಗೆ ಎದೆಹಾಲು, ಹಲ್ಲು ಬಂದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮಲಗಿಸಿ. ಸಂಜೆ ಮಾಡಿದ ಸರಿಯನ್ನು ಫ್ಲಾಸ್ಕಿಗೆ ಹಾಕಿಟ್ಟು ನಡುರಾತ್ರಿ ಕೊಡುವ ರೂಢಿ ಹಲವು ಮನೆಗಳಲ್ಲಿದೆ, ದಯವಿಟ್ಟು ಬಿಡಿ. ಉಗುರುಬೆಚ್ಚಗಿನ ಧಾನ್ಯದ ಗಂಜಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ, ಅದರ ವಿಷ ಮತ್ತೆ ಬಿಸಿ ಮಾಡಿದರೂ ಹೋಗದೆ ಉಳಿಯಬಹುದು. ಎರಡು ಗಂಟೆ ಮೀರಿದ ಸರಿಯನ್ನು ಚೆಲ್ಲಿ.

ಇಷ್ಟಾದರೂ ಮಗು ರಾತ್ರಿ ಏಳುತ್ತದೆ, ಏಕೆಂದರೆ ಏಳುವುದಕ್ಕೆ ಹಸಿವೊಂದೇ ಕಾರಣವಲ್ಲ. ಎಳೆ ಮಕ್ಕಳ ನಿದ್ದೆಯ ಒಂದು ಸುತ್ತು ಒಂದು ಗಂಟೆಯ ಒಳಗೇ ಮುಗಿಯುತ್ತದೆ. ಸುತ್ತಿನ ಕೊನೆಗೆ ಮುಲುಕಿ, ಕೈಕಾಲು ಆಡಿಸಿ, ಅರ್ಧ ಕಣ್ಣು ಬಿಡುವುದು ಸಹಜ. ಕೂಡಲೇ ಎತ್ತಿಕೊಂಡರೆ ಪೂರ್ತಿ ಎಚ್ಚರವಾಗುತ್ತದೆ. ಒಂದೆರಡು ನಿಮಿಷ ಸುಮ್ಮನೆ ಗಮನಿಸಿ, ಎಷ್ಟೋ ಸಲ ತಾನೇ ಮಲಗುತ್ತದೆ. ಏಳೆಂಟು ತಿಂಗಳ ಮಗು ಹಗಲಲ್ಲಿ ಆಟದ ಗಮನದಲ್ಲಿ ಹಾಲು ಬಿಟ್ಟು ರಾತ್ರಿ ಅದನ್ನು ತುಂಬಿಕೊಳ್ಳುವುದುಂಟು. ಹಗಲಲ್ಲಿ ಟಿವಿ, ಗಲಾಟೆ ಇಲ್ಲದ ಕೋಣೆಯಲ್ಲಿ ಕುಡಿಸಿದರೆ ಇದು ಕಡಿಮೆಯಾಗುತ್ತದೆ. ರಾತ್ರಿ ಕುಡಿಸುವಾಗ ಮಂದ ಬೆಳಕು, ಮಾತು ಬೇಡ. ಅಂಗಾತವೇ ಮಲಗಿಸಿ. ನಿದ್ದೆಗೆಂದು ಜಾಯಿಕಾಯಿ ತೇದು ನೆಕ್ಕಿಸುವುದನ್ನು ಮಾತ್ರ ಯಾರೇ ಹೇಳಿದರೂ ಒಪ್ಪಬೇಡಿ. ಅದರಲ್ಲಿರುವ ಮಿರಿಸ್ಟಿಸಿನ್ ಎಂಬ ಅಂಶ ಹೆಚ್ಚಾದರೆ ವಿಷ, ಕಲ್ಲಿನ ಮೇಲೆ ತೇದದ್ದಕ್ಕೆ ಅಳತೆಯೂ ಇರುವುದಿಲ್ಲ.

ಆರು ತಿಂಗಳ ಮೇಲೆ ನಿದ್ದೆಯಲ್ಲಿ ವಿಪರೀತ ಹೊರಳಾಟ, ಬಿಳಿಚಿದ ಮುಖ, ತೂಕ ಏರದಿರುವುದು ಕಂಡರೆ ಕಬ್ಬಿಣಾಂಶದ ಕೊರತೆಯನ್ನು ಪರೀಕ್ಷಿಸಿ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ಆದರೆ ಅದರ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ದಿನಕ್ಕೆ ಮೂರು ಹೊತ್ತೂ ಸರಿಯನ್ನೇ ಕೊಡುವ ಮನೆಗಳಲ್ಲಿ ಈ ತೊಂದರೆ ಬರುತ್ತದೆ. ಒಂದು ಹೊತ್ತು ಸರಿ, ಇನ್ನೊಂದು ಹೊತ್ತು ತೊವ್ವೆ ಅನ್ನ ಹಿಸುಕಿದ್ದು, ಚೆನ್ನಾಗಿ ಬೇಯಿಸಿದ ಮೊಟ್ಟೆ, ಮೀನು ತಿನ್ನುವವರಾದರೆ ಮುಳ್ಳು ತೆಗೆದ ಮೀನು, ಜೊತೆಗೆ ಪಪ್ಪಾಯಿ. ಸರ್ಕಾರದ ಕಾರ್ಯಕ್ರಮದಲ್ಲಿ ಆರು ತಿಂಗಳಿಂದ ಐದು ವರ್ಷದ ತನಕ ವಾರಕ್ಕೆ ಎರಡು ಸಲ 1 ಮಿಲಿ ಕಬ್ಬಿಣದ ಸಿರಪ್ ಇದೆ, ಒಂದು ಮಿಲಿಯಲ್ಲಿ 20 ಮಿಲಿಗ್ರಾಂ ಕಬ್ಬಿಣ. ಆಶಾ ಕಾರ್ಯಕರ್ತೆಯನ್ನು ಕೇಳಿ. ತಿಂಗಳ ತೂಕಕ್ಕೆ ಅಂಗನವಾಡಿಗೆ ಹೋಗುವಾಗ ತಾಯಿ ಕಾರ್ಡ್ ಜೊತೆಗಿರಲಿ, ಹಿಂದಿನ ತಿಂಗಳ ತೂಕದ ಪಕ್ಕದಲ್ಲೇ ಈ ತಿಂಗಳದ್ದನ್ನೂ ಬರೆಸಿಕೊಳ್ಳಿ.